ರಾಯಚೂರಲ್ಲಿ ಸಿಕ್ಕ ಆರು ಗಂಟೆ

ನಂದು ವೇಬ್ರಿಡ್ಜ್ ರಿಪೇರಿ ಕೆಲ್ಸ. ಲಾರಿ ಹತ್ತಿಸಿ ತೂಕ ಮಾಡ್ತಾರಲ್ಲ, ಆ ಕಬ್ಬಿಣದ ಪ್ಲಾಟ್‌ಫಾರಂ ಕೆಳಗೆ ನುಗ್ಗಿ ತೂಕ ಅಳೆಯೋ ಸೆನ್ಸರ್, ಅಂದ್ರೆ ಲೋಡ್ ಸೆಲ್ ಬದಲಾಯ್ಸೋದು, ಇಲಿ ಕಡಿದ ಕೇಬಲ್ ಜೋಡ್ಸೋದು, ಇಪ್ಪತ್ತು ಇಪ್ಪತ್ತು ಕೆಜಿ ಬಟ್ಟು ಹೊತ್ತು ನಾಕೂ ಮೂಲೇಲಿಟ್ಟು ರೀಡಿಂಗ್ ಒಂದೇ ಬರ್ತದಾ ನೋಡೋದು. ಊರು ಚಿತ್ರದುರ್ಗ. ಈ ಕೆಲ್ಸದಿಂದ ಎಷ್ಟೋ ಊರಿಗೆ ಹೋಗ್ತೀನಿ ಆದ್ರೆ ಒಂದೂರನ್ನೂ ನೋಡಿರಲ್ಲ, ಬಸ್‌ಸ್ಟ್ಯಾಂಡು, ಮಿಲ್ಲು, ವಾಪಸ್ ಬಸ್ಸು, ಅಷ್ಟೇ. ರಾಯಚೂರು ಹೆಂಗಿದೆ ಅಂತ ಮನೇಲಿ ಕೇಳಿದ್ರೆ "ಬಿಸ್ಲು" ಅಂತ ಒಂದೇ ಮಾತಲ್ಲಿ ಮುಗಿಸ್ತಿದ್ದೆ.

ಎರಡು ವರ್ಷದ ಹಿಂದೆ ಒಂದ್ಸಲ ಹುಮ್ಮಸ್ಸು ಬಂದು ಅರ್ಧ ದಿನ ಸಿಕ್ಕಿದ್ದಕ್ಕೆ ಮಸ್ಕಿಗೆ ಹೊರಟಿದ್ದೆ. ಅಶೋಕ ಅನ್ನೋ ಹೆಸರೇ ಇರೋ ಶಾಸನ ಮೊದಲು ಸಿಕ್ಕಿದ್ದು ಅಲ್ಲಿ, 1915ರಲ್ಲಿ. ಬಿಡೋದುಂಟಾ ಅಂತ ಬಸ್ ಹತ್ತಿದೆ. ದೂರ ಎಷ್ಟು ಅಂತ ಸರಿಯಾಗಿ ಲೆಕ್ಕಾನೇ ಹಾಕಿರ್ಲಿಲ್ಲ ನೋಡಿ, ಎಂಬತ್ತು ಕಿಲೋಮೀಟರ್ ಹತ್ರ ಹತ್ರ, ಆ ಬಸ್ಸೋ ಕೈ ತೋರ್ಸಿದಲ್ಲೆಲ್ಲ ನಿಲ್ಲೋದು, ಅರ್ಧ ದಾರೀಲಿ ಟೈಂ ನೋಡಿ ಎದೆ ಧಸಕ್ ಅಂತು, ಇಳಿದು ಎದುರು ಬಸ್ ಹತ್ತಿ ವಾಪಸ್ ಬಂದೆ. ಮಸ್ಕಿನೂ ಇಲ್ಲ ರಾಯಚೂರೂ ಇಲ್ಲ, ಆ ದಿನ ನಾನು ನೋಡಿದ್ದು ಬಸ್ಸಿನ ಕಿಟಕಿ.

ಈ ಸಲ ಮಾರ್ಚ್‌ನಲ್ಲಿ ಗಂಜ್ ಕಡೆ ಒಂದು ಅಕ್ಕಿ ಮಿಲ್ಲಿಗೆ ಹೋಗಿದ್ದೆ. ದಿನಪೂರ್ತಿ ಆಗ್ತದೆ ಅಂದ್ಕೊಂಡಿದ್ದ ಕೆಲ್ಸ ಹನ್ನೊಂದೂವರೆಗೇ ಮುಗೀತು, ಕೇಬಲ್ಲೆಲ್ಲ ಸೇರೋ ಜಂಕ್ಷನ್ ಬಾಕ್ಸಲ್ಲಿ ನೀರು ಕೂತಿತ್ತು ಅಷ್ಟೆ. ವಾಪಸ್ ಬಸ್ ಸಂಜೆ ಆರಕ್ಕೆ. ಮೊದಲು ಮಾಡಿದ ಕೆಲ್ಸ ಅಂದ್ರೆ ಟೂಲ್ ಬ್ಯಾಗ್ ಮಿಲ್ಲಿನ ಆಫೀಸಲ್ಲೇ ಇಟ್ಟಿದ್ದು. ಹನ್ನೆರಡು ಕೆಜಿ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಊರು ನೋಡೋನು ಊರು ನೋಡಲ್ಲ, ಕೂರೋಕೆ ಜಾಗ ನೋಡ್ತಾನೆ. ಎರಡನೇದು, ಬಸ್‌ಸ್ಟ್ಯಾಂಡಿಂದ ನಡ್ಕೊಂಡು ವಾಪಸ್ ಬರೋವಷ್ಟು ದೂರ ಬಿಟ್ಟು ಆಚೆ ಕಾಲಿಡಲ್ಲ ಅಂತ ತೀರ್ಮಾನ ಮಾಡ್ಕೊಂಡೆ. ಶಕ್ತಿನಗರದ ಥರ್ಮಲ್ ಪ್ಲಾಂಟು, ಕೃಷ್ಣಾ ಹೊಳೆ ಎಲ್ಲ ಆಸೆ ಇತ್ತು, ಬೇಡ ಅಂದೆ.

ಮೂರನೇದು ನಾನು ಈಗ ಎಲ್ಲಾ ಊರಲ್ಲೂ ಮಾಡೋದು. "ಇಲ್ಲಿ ನೋಡೋಕೆ ಏನಿದೆ" ಅಂತ ಕೇಳಲ್ಲ, ಹಂಗೆ ಕೇಳಿದ್ರೆ ಎಲ್ರೂ "ಏನೈತ್ರಿ ಇಲ್ಲಿ, ಏನಿಲ್ಲ" ಅಂತಾರೆ. "ನಿಮ್ಮನೆಗೆ ಬೀಗರು ಬಂದ್ರೆ ಎಲ್ಲಿ ಕರ್ಕೊಂಡು ಹೋಗ್ತೀರಿ" ಅಂತ ಕೇಳ್ತೀನಿ. ಮಿಲ್ಲಿನ ಮೇಸ್ತ್ರಿ ಒಬ್ರು, ಅರವತ್ತರ ಹತ್ರದೋರು, ಯೋಚ್ನೆ ಮಾಡಿ, "ಗುಡ್ಡದ ಮ್ಯಾಲ ಕರ್ಕೊಂಡು ಹೋಕೀವ್ರಿ ಸರ್ರ, ಆದ್ರ ನೀವು ಈಗ ಏರಬ್ಯಾಡ್ರಿ, ತಲಿ ತಿರುಗಿ ಬೀಳ್ತೀರಿ. ನಾಕು ಹೊಡಿಲಿ. ಈಗ ಉಂಡು ನೆಳ್ಳಾಗ ಇರ್ರಿ" ಅಂದ್ರು. ಊಟಕ್ಕೆ ಎಲ್ಲಿ ಅಂದ್ರೆ ಹಮಾಲರು ಊಟ ಮಾಡೋ ಖಾನಾವಳಿ ತೋರ್ಸಿದ್ರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಎರಡು ರೊಟ್ಟಿಗೇ ಸಾಕಾಯ್ತು ಅಂದ್ರೆ ಬಡಿಸೋ ಅಮ್ಮ ನನ್ನ ಏನೋ ಕಾಯಿಲೆಯವನ ಥರ ನೋಡಿ ಇನ್ನೊಂದು ಹಾಕಿದ್ರು.

ನೆರಳು ಅಂದ್ರಲ್ಲ ಮೇಸ್ತ್ರಿ, ಅದಕ್ಕೆ ಕೋಟೆ ಗೋಡೆ ಪಕ್ಕ ಹೋದೆ. ನಿಜ ಹೇಳ್ಬೇಕಂದ್ರೆ ದುರ್ಗದವನಿಗೆ ಇನ್ನೊಂದೂರಿನ ಕೋಟೆ ಅಂದ್ರೆ ಸ್ವಲ್ಪ ಅಸಡ್ಡೆನೇ, ಏಳು ಸುತ್ತಿನ ಕೋಟೆ ನೋಡ್ಕೊಂಡೇ ಬೆಳ್ದಿರ್ತೀವಿ. ಇಲ್ಲಿ ಕೋಟೆ ಊರೊಳಗೇ ಕರಗಿ ಹೋಗಿದೆ, ಅಂಗಡಿ ಸಾಲು, ಮನೆ, ಮಧ್ಯೆ ಒಂದು ದರ್ವಾಜಾ, ಬ್ಯಾನರ್ ಹಿಂದೆ ಬುರುಜು. ಹೊರಗಿನ ಸುತ್ತು ಬಿಜಾಪುರದ ಸುಲ್ತಾನರದ್ದು. ಒಳಗಿನ ಸುತ್ತು ಅದಕ್ಕಿಂತ ಹಳೇದು, ಗಾರೆ ಇಲ್ದೆ ದೊಡ್ಡ ದೊಡ್ಡ ಕಲ್ಲು ಕೂರ್ಸಿರೋದು. ಆ ಒಳಗೋಡೆಯ ಪಡುವಣ ಕಡೆ ಒಂದು ಕಲ್ಲಿದೆ, ಒಂದೇ ಕಲ್ಲು, ಉದ್ದ 41 ಅಡಿ. ಅದ್ರ ಮೇಲೆ ಶಾಸನ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಅನ್ನೋರು ಈ ಕೋಟೆ ಕಟ್ಟಿಸಿದ್ರು ಅಂತ.

ಶಾಸನ ನಂಗೆ ಓದೋಕೆ ಬರಲ್ಲ. ನನ್ನ ಹಿಡಿದು ನಿಲ್ಸಿದ್ದು ಅಲ್ಲೇ ಪಕ್ಕದಲ್ಲಿ ಕೊರೆದಿರೋ ಚಿತ್ರ. ಇದೇ ಕಲ್ಲನ್ನ ಗಾಡಿ ಮೇಲೆ ಹೇರಿ ತರ್ತಿರೋದು! ತುಂಬು ಮರದ ಗಾಲಿ, ಮುಂದೆ ಉದ್ದಕ್ಕೂ ಕೋಣಗಳು, ಗಾಲಿ ಹತ್ರ ಜನ ಸಂದುಗೂಟ ಹಿಡ್ಕೊಂಡು ನಿಂತಿದಾರೆ, ಪ್ರಾಣಿಗಳನ್ನ ಹುರಿದುಂಬಿಸ್ತಿದಾರೆ. ನಾನು ಜೀವನಪೂರ್ತಿ ಲೋಡ್ ನೋಡಿದವನು, ಮಿಕ್ಕಿದ್ದೆಲ್ಲ ಮರೆತೇಹೋಯ್ತು. ಗ್ರಾನೈಟು ಘನ ಮೀಟರಿಗೆ 2.7 ಟನ್ ಅಂತ ಹಿಡೀರಿ, 41 ಅಡಿ ಅಂದ್ರೆ ಹನ್ನೆರಡೂವರೆ ಮೀಟರ್, ಗೋಡೆ ಒಳಗೆ ಎಷ್ಟು ದಪ್ಪ ಹೋಗಿದೆ ಕಾಣಲ್ಲ, ಸುಮ್ನೆ ಒಂದು ಮೀಟರ್ ಅಗಲ ಒಂದು ಮೀಟರ್ ದಪ್ಪ ಅಂತ ಇಟ್ಕೊಂಡ್ರೂ 33 ಟನ್ ದಾಟ್ತದೆ. ಇವತ್ತು ಅಷ್ಟು ತೂಕಕ್ಕೆ ಹತ್ತು ಹನ್ನೆರಡು ಟೈರಿನ ಲಾರಿನೂ ಸಾಲಲ್ಲ, ದೊಡ್ಡ ಟ್ರೈಲರ್ ಬೇಕು, ಅದೂ ಟಾರ್ ರೋಡಲ್ಲಿ. ಗಾಲಿಗೆ ಸಂದುಗೂಟ ಕೊಡೋದು ಇದೆಯಲ್ಲ, ಅದು ಈಗ್ಲೂ ಹಂಗೇ, ವೇಬ್ರಿಡ್ಜ್ ಮೇಲೆ ಲಾರಿ ನಿಲ್ಲಿಸ್ದಾಗ ಕ್ಲೀನರ್ ಹುಡುಗ ಓಡಿ ಬಂದು ಗಾಲಿ ಹಿಂದೆ ಕಲ್ಲಿಡ್ತಾನೆ, ಅದೇ ಭಂಗಿ, ಅದೇ ಬಗ್ಗೋದು. ಕಲ್ಲು ತಂದೋರಿಗೆ ತಮ್ಮ ಕೆಲ್ಸದ ಮೇಲೆ ಎಂಥ ಹೆಮ್ಮೆ ಇರ್ಬೇಕು ಅಂದ್ರೆ ರಾಜನ್ನ ಬಿಟ್ಟು ಗಾಡೀನ ಕೊರೆದಿದಾರೆ. ಒಂದು ಗಂಟೆ ಮೇಲೆ ಅಲ್ಲೇ ಇದ್ದೆ.

ಆಮೇಲೆ ಒಂದು ಮಿನಾರಿನ ಮಸೀದಿ, 1513ರದ್ದು, ಹೆಸರಿಗೆ ತಕ್ಕಂಗೆ ಒಂದೇ ಮಿನಾರು, ಸುಮಾರು 65 ಅಡಿ, ನೋಡಿ ಮುಂದೆ ನಡೆದೆ. ತೀನ್ ಕಂದೀಲ್ ಹತ್ರ ಚಾ. ಚಾ ಜೊತೆ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ ಕೇಳಿದ್ರೆ ಅಂಗಡಿ ಹುಡುಗ "ಮಂಡಾಳ ಒಗ್ಗರಣಿನಾ?" ಅಂದ. ಅದೇ ಅಂದೆ. ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಎರಡು ಮಿರ್ಚಿ ಇಟ್ಟ. ಇಂಥ ಎರಡು ಮಾತು ಕಲ್ತು ವಾಪಸ್ ಬಂದ್ರೂ ಊರಿಗೆ ಹೋದ ಹಂಗೆ ಅನ್ಸುತ್ತೆ ನಂಗೆ.

ನಾಲ್ಕೂಕಾಲಿಗೆ ಗುಡ್ಡ ಏರಿದೆ. ಮೆಟ್ಲು ಇನ್ನೂ ಸುಡ್ತಿತ್ತು, ಮೇಸ್ತ್ರಿ ಮಾತು ಕೇಳಿದ್ದು ಒಳ್ಳೇದಾಯ್ತು. ಮೇಲೊಂದು ಉದ್ದದ ಫಿರಂಗಿ, ಕೆಳಗೆ ಮಾವಿನ ಕೆರೆ, ಊರೆಲ್ಲ ಕಾಣ್ತದೆ. ಕೃಷ್ಣಾ ತುಂಗಭದ್ರಾ ನಡುವಿನ ಈ ನೆಲಕ್ಕೇ ಬಹಮನಿಗಳು ವಿಜಯನಗರದೋರು ಅಷ್ಟು ಬಡಿದಾಡಿದ್ದು, ಕೃಷ್ಣದೇವರಾಯ 1520ರಲ್ಲಿ ಗೆದ್ದಿದ್ದೂ ಇದನ್ನೇ. ಪುಸ್ತಕದಲ್ಲಿ ದೋಆಬ್ ಅಂತ ಓದಿ ಪರೀಕ್ಷೇಲಿ ಎರಡು ಮಾರ್ಕಿಗೆ ಬರೆದಿದ್ದೆ, ಮೇಲೆ ನಿಂತಾಗ ಯಾಕೆ ಬಡಿದಾಡಿದ್ರು ಅಂತ ಕಾಣ್ತು, ಎತ್ತ ನೋಡಿದ್ರೂ ಬಯಲು. ಇಪ್ಪತ್ತು ನಿಮಿಷ ಕೂತು ಇಳಿದೆ.

ಬ್ಯಾಗ್ ತಗೊಳ್ಳೋಕೆ ಮಿಲ್ಲಿಗೆ ಹೋದಾಗ ಮೇಸ್ತ್ರಿಗೆ ಮೊಬೈಲಲ್ಲಿ ಆ ಗಾಡಿ ಚಿತ್ರ ತೋರ್ಸಿದೆ. ಕಲ್ಲು ಗೊತ್ತಂತೆ, ಸಣ್ಣೋರಿದ್ದಾಗ ಅಲ್ಲೇ ಆಡ್ತಿದ್ರಂತೆ, ಚಿತ್ರ ಮಾತ್ರ ಕಣ್ಣಿಗೆ ಬಿದ್ದಿರ್ಲಿಲ್ಲ. ಸ್ಕ್ರೀನ್ ಹಿಗ್ಗಿಸಿ ಹಿಗ್ಗಿಸಿ ನೋಡಿ, "ಕೋಣ ಎಷ್ಟು ಜೋಡಿ ಅದಾವ್ರಿ ಸರ್ರ?" ಅಂದ್ರು. ಅಷ್ಟೊತ್ತು ನಿಂತಿದ್ದವನು, ಎಣಿಸಿರಲೇ ಇಲ್ಲ. ಫೋಟೋದಲ್ಲಿ ಗೆರೆ ಸವೆದು ಗೊತ್ತಾಗ್ತಿರ್ಲಿಲ್ಲ. ಬಸ್ ಹತ್ತಿ ಇನ್ನೂ ಊರು ದಾಟಿರ್ಲಿಲ್ಲ, ಅವ್ರ ಫೋನು, "ಭಾನುವಾರ ಮೊಮ್ಮಗನ್ನ ಕರ್ಕೊಂಡು ಹೋಗಿ ಎಣಿಸ್ತೀನಿ ತಡೀರಿ" ಅಂತ.