ಹೊಲ ಕಾಯುವ ನಾಯಿಗೆ ಯಾವಾಗ ಹಾಕಬೇಕು, ಎಷ್ಟು ಹಾಕಬೇಕು

ಹೊಲಕ್ಕೆ ಹೊರಟ ನಾಯಿಗೆ ಹೊಟ್ಟೆ ತುಂಬ ಹಾಕಿ ಕಳಿಸಬೇಡಿ. ನಮ್ಮ ಕಲಬುರಗಿ ಕಡೆ ಈ ರೂಢಿ ಬಹಳ ಮನೆಗಳಲ್ಲಿದೆ, ಅದೂ ನಾಯಿ ಮೇಲಿನ ಮಾಯೆಯಿಂದ. “ಪಾಪ, ರಾತ್ರಿಯೆಲ್ಲ ಹಂದಿ ಬೆನ್ನತ್ತಬೇಕು, ಎರಡು ರೊಟ್ಟಿ ಜಾಸ್ತಿ ತಿನ್ನಲಿ ಬಿಡು” ಅಂತ ಬುಟ್ಟಿಯಲ್ಲಿ ಉಳಿದದ್ದನ್ನೆಲ್ಲ ಹಾಕುತ್ತಾರೆ. ತುಂಬಿದ ಹೊಟ್ಟೆಯಲ್ಲಿ ಓಡಿದ ನಾಯಿ ಬೇಗ ದಣಿಯುತ್ತದೆ, ನಡುವೆ ಕಕ್ಕುತ್ತದೆ. ಹೊಟ್ಟೆ ಉಬ್ಬಿ ತಿರುಚಿಕೊಂಡರಂತೂ ಬೆಳಗಾಗುವುದರೊಳಗೆ ಜೀವ ಹೋಗುತ್ತದೆ.

ನಮ್ಮ ಮನೆಯಲ್ಲಿ ನಾಯಿಗಳ ಊಟ ಮೊದಲಿಂದಲೂ ಹೆಂಗಸರ ಕೈಯಲ್ಲಿದೆ. ಅತ್ತೆಯವರು ನನಗೆ ಕಲಿಸಿದರು, ನಾನು ಸೊಸೆಯಂದಿರಿಗೆ ಕಲಿಸಿದೆ. ನಡುವೆ ದನದ ದವಾಖಾನೆಯ ಡಾಕ್ಟರರು ತಿದ್ದಿ ಹೇಳಿದ್ದನ್ನೂ ಸೇರಿಸಿಕೊಂಡಿದ್ದೇವೆ. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ತೊಗರಿ, ಜೋಳ ಬಿತ್ತುವವರಿಗೂ, ಯಾದಗಿರಿ ಕಡೆ ಕುರಿ ಕಾಯುವವರಿಗೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಉದ್ದ ಕಾಲು, ಆಳವಾದ ಎದೆ, ಸಣ್ಣ ನಡುವಿನ ಬೇಟೆ ತಳಿಯ ನಾಯಿಗಳ ಬಗ್ಗೆ. ಮುಧೋಳ ಅನ್ನಿ, ಕಾರವಾನಿ ಅನ್ನಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಗೆ ಹೆಸರು ತಂದರು. 2005ರಲ್ಲಿ ಅಂಚೆ ಚೀಟಿಯ ಮೇಲೂ ಇದರ ಚಿತ್ರ ಬಂತು. ನಮ್ಮ ಬೀದರ್‌ನಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದವರೇ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ನಾಯಿಗಳಿಗಾಗಿ ಒಂದು ಕೇಂದ್ರ ನಡೆಸುತ್ತಾರೆ. ಹಿಂದೆ ಈ ನಾಯಿ ಬಿಟ್ಟು ಮೊಲ, ಚಿಗರಿ ಹಿಡಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಅದು ನಿಂತದ್ದೇ ಒಳ್ಳೆಯದಾಯಿತು. ಈಗ ನಾಯಿ ಬೆಳೆಯಿಂದ ಹಂದಿ ಓಡಿಸುತ್ತದೆ, ಕುರಿಯ ಹತ್ತಿರ ತೋಳ ಬರದಂತೆ ನೋಡಿಕೊಳ್ಳುತ್ತದೆ. ಓಟ ಮಾತ್ರ ಅದೇ ಬೇಟೆಯ ಓಟ. ಹಾಗಾಗಿ ಊಟದ ಲೆಕ್ಕವೂ ಬೇಟೆ ನಾಯಿಯದ್ದೇ.

ಆ ಲೆಕ್ಕ ಇಷ್ಟೇ. ದೊಡ್ಡ ಊಟ ಕೆಲಸ ಮುಗಿದ ಮೇಲೆ. ಕೆಲಸಕ್ಕೆ ಮೊದಲು ಕನಿಷ್ಠ ನಾಲ್ಕು ತಾಸು ಹೊಟ್ಟೆ ಹಗುರ ಇರಬೇಕು. ನಾವಾದರೆ ಉಂಡು ಹೊಲಕ್ಕೆ ಹೋಗುತ್ತೇವೆ, ನಾಯಿ ಮೈ ಹಾಗಲ್ಲ. ತಿಂದದ್ದು ಅದರ ಹೊಟ್ಟೆ, ಕರುಳು ದಾಟಿ ಹೊರಗೆ ಬರಲು ಹತ್ತಿರ ಹತ್ತಿರ ಒಂದು ದಿನ ಬೇಕು. ದೀರ್ಘ ಓಟಕ್ಕೆ ಅದು ಮುಖ್ಯವಾಗಿ ಮೈಯಲ್ಲಿರುವ ಕೊಬ್ಬನ್ನು ಕರಗಿಸಿ ಬಳಸುತ್ತದೆ. ಹೊರಡುವ ಮುಂಚೆ ರೊಟ್ಟಿ ತುಂಬಿಸಿದರೆ ಆ ಕೊಬ್ಬು ಕರಗುವುದು ತಡವಾಗುತ್ತದೆ. ನಿನ್ನೆ ಉಂಡದ್ದರ ಬಲದಲ್ಲೇ ನಾಯಿ ಇವತ್ತು ಓಡುತ್ತದೆ ಅಂತ ತಿಳಿದುಕೊಳ್ಳಿ.

ಬೆಳಗಿನ ಜಾವ ಹೋಗಿ ಬಿಸಿಲೇರುವುದರೊಳಗೆ ಬಂದು, ಮತ್ತೆ ಸಂಜೆ ಹೋಗುವ ನಾಯಿಗೆ ದೊಡ್ಡ ಊಟ ರಾತ್ರಿ ಎಂಟು, ಎಂಟೂವರೆಗೆ. ಬೆಳಿಗ್ಗೆ ಏನೂ ಬೇಡ. ಹನ್ನೊಂದಕ್ಕೆ ಬಂದು ಮಲಗಿ ಎದ್ದ ಮೇಲೆ ಅರ್ಧ ರೊಟ್ಟಿ ಮಜ್ಜಿಗೆಯಲ್ಲಿ ಹಿಸುಕಿ ಹಾಕಿ, ಸಾಕು. ರಾತ್ರಿ ಹಂದಿ ಕಾಯುವ ನಾಯಿಗೆ ಇದೆಲ್ಲ ಉಲ್ಟಾ. ಅದರ ದೊಡ್ಡ ಊಟ ಮುಂಜಾನೆ, ಹೊಲದಿಂದ ಬಂದು ಆರಾಮಾದ ಮೇಲೆ. ಸಂಜೆ ನಾಲ್ಕೂವರೆ, ಐದರ ಸುಮಾರಿಗೆ ದಿನದ ಊಟದಲ್ಲಿ ಕಾಲು ಭಾಗ ಮಾತ್ರ. ನಮ್ಮವರು ಬಹಳ ಜನ ಎಡವುವುದು ಇಲ್ಲೇ. ನಾಯಿಗೆ ರಾತ್ರಿ ಹಾಕಬೇಕು ಅಂತ ಯಾರೋ ಹೇಳಿದ್ದನ್ನು ಹಿಡಿದುಕೊಂಡು, ಒಂಬತ್ತಕ್ಕೆ ಉಣಿಸಿ ಹತ್ತಕ್ಕೆ ಹಂದಿ ಮೇಲೆ ಬಿಡುತ್ತಾರೆ. ಗಡಿಯಾರ ಬಿಡಿ, ನಾಯಿ ಯಾವಾಗ ದುಡಿದು ಬಂತು ಅನ್ನುವುದನ್ನು ನೋಡಿ.

ಕುರಿ ಹಟ್ಟಿಯ ನಾಯಿ ದಿನವಿಡೀ ನಡೆಯುತ್ತದೆ, ರಾತ್ರಿ ಕಾವಲೂ ಇರುತ್ತದೆ. ಅದಕ್ಕೆ ಎರಡು ಹೊತ್ತು ಬೇಕು. ಕುರಿ ಬಿಡುವುದಕ್ಕೆ ಬಹಳ ಮೊದಲೇ, ಕೋಳಿ ಕೂಗುವ ಹೊತ್ತಿಗೆ ಸ್ವಲ್ಪ ಅಂಬಲಿ. ಸಂಜೆ ಕುರಿ ಕೂಡಿದ ಮೇಲೆ ಪೂರ್ತಿ ಊಟ.

ಓಡಿ ಬಂದ ನಾಯಿ ಮುಂದೆ ಕೂಡಲೇ ತಾಟು ಇಡಬೇಡಿ. ಮೊದಲು ನೀರು. ಅದನ್ನೂ ಬಕೆಟ್ ತುಂಬ ಇಟ್ಟರೆ ಗಟಗಟ ಕುಡಿದು ಗಾಳಿಯನ್ನೂ ನುಂಗುತ್ತದೆ. ಸಣ್ಣ ಬೋಗುಣಿಯಲ್ಲಿ ಕೊಡಿ, ಐದು ನಿಮಿಷ ಬಿಟ್ಟು ಮತ್ತೊಂದು ಬೋಗುಣಿ. ನಾಯಿ ನಮ್ಮ ಹಾಗೆ ಬೆವರುವುದಿಲ್ಲ, ತೇಕಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಬಿಸಿಲಲ್ಲಿ ಬಂದಿದ್ದರೆ ಹೊಟ್ಟೆಯ ಕೆಳಗೆ, ತೊಡೆಸಂದಿಗೆ, ಪಾದಗಳಿಗೆ ನೀರು ಹಾಕಿ. ನಾಲಿಗೆ ಒಳಗೆ ಹೋಗಿ, ಬಾಯಿ ಮುಚ್ಚಿ, ಉಸಿರು ನಿಧಾನ ಆಗುವವರೆಗೆ ಕಾಯಿರಿ. ಇದಕ್ಕೆ ಒಂದು ತಾಸು ಬೇಕು. ಆಮೇಲೆ ಊಟ. ಉಂಡ ಮೇಲೆ ಎರಡು ತಾಸು ಕಟ್ಟಿ ಹಾಕಿ, ಹುಡುಗರಿಗೆ ಅದರ ಜೊತೆ ಆಡಲು ಬಿಡಬೇಡಿ.

ಇನ್ನು ಅಡುಗೆ. ಜೋಳದ ರೊಟ್ಟಿ ನಾಯಿಗೆ ಒಳ್ಳೆಯದೇ, ಆದರೆ ಬರೀ ರೊಟ್ಟಿ ಮೇಲೆ ದುಡಿಯುವ ನಾಯಿ ಉಳಿಯುವುದಿಲ್ಲ. ಕೂದಲ ಹೊಳಪು ಹೋಗುತ್ತದೆ, ತೊಡೆಯ ಮಾಂಸಖಂಡ ಇಳಿಯುತ್ತದೆ. ನಾನು ಮನೆಯವರ ರೊಟ್ಟಿ ಮುಗಿದ ಮೇಲೆ ಅದೇ ಹಂಚಿನ ಮೇಲೆ ನಾಯಿಗೆ ಬೇರೆ ಬಡಿಯುತ್ತೇನೆ, ಸ್ವಲ್ಪ ದಪ್ಪ. ಎರಡೂ ಕಡೆ ಚೆನ್ನಾಗಿ ಬೇಯಬೇಕು. ಹಸಿ ಹಿಟ್ಟು ಉಳಿದರೆ ನಾಯಿಗೆ ಅರಗುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಬಿಸಿ ಇರುವಾಗಲೇ ಪರಾತದಲ್ಲಿ ಮುರಿದು ಹಾಕಿ, ಮೇಲೆ ಉಪ್ಪು ಖಾರ ಇಲ್ಲದ ತೊಗರಿಬೇಳೆ ಕಟ್ಟು ಸುರಿದು ಮುಚ್ಚುತ್ತೇನೆ. ಕಾಲು ತಾಸಿನಲ್ಲಿ ರೊಟ್ಟಿ ಹೀರಿಕೊಂಡು ಮೆತ್ತಗಾಗುತ್ತದೆ. ಕೈಯಿಂದ ಹಿಸುಕಿ, ಬೇಯಿಸಿದ ತತ್ತಿ ಪುಡಿ ಮಾಡಿ, ಬೇಯಿಸಿದ ಮಾಂಸ ಇದ್ದರೆ ಎಲುಬು ತೆಗೆದು ಸೇರಿಸುತ್ತೇನೆ. ಕೊನೆಗೆ ಕುಸುಬಿ ಎಣ್ಣೆ ಅಥವಾ ಶೇಂಗಾ ಎಣ್ಣೆ. ಬೆರಳ ಹಿಂಬದಿ ಇಟ್ಟರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ದುಡಿಯುವ ದಿನಗಳಲ್ಲಿ ಎಣ್ಣೆಗೆ ಜಿಪುಣತನ ಮಾಡಬೇಡಿ. ನಾಯಿಗೆ ಅದೇ ಕಟ್ಟಿಗೆ, ಅದೇ ಉರಿ.

ಸುಮಾರು ಇಪ್ಪತ್ತೈದು ಕಿಲೋ ತೂಕದ ನಾಯಿಗೆ ಸುಮ್ನೆ ಮನೆಯಲ್ಲಿರುವ ದಿನಗಳಲ್ಲಿ ಮೂರು ರೊಟ್ಟಿ, ಒಂದು ಬಟ್ಟಲು ಗಟ್ಟಿ ಬೇಳೆ, ಎರಡು ತತ್ತಿ, ಒಂದು ಲೋಟ ಮಜ್ಜಿಗೆ ಸಾಕಾಗುತ್ತದೆ. ಕೆಲಸದ ಸುಗ್ಗಿಯಲ್ಲಿ ನಾಲ್ಕೈದು ರೊಟ್ಟಿ, ಮೂರು ತತ್ತಿ, ಎರಡು ಹಿಡಿ ಮಾಂಸ, ಎರಡು ದೊಡ್ಡ ಚಮಚ ಎಣ್ಣೆ. ಇದು ನಮ್ಮ ಮನೆ ಅಳತೆ. ನಿಮ್ಮ ನಾಯಿಯ ಅಳತೆ ನಿಮ್ಮ ಅಂಗೈಗೆ ಗೊತ್ತಾಗುತ್ತದೆ. ಪಕ್ಕೆ ಮೇಲೆ ಅಂಗೈ ಚಪ್ಪಟೆ ಇಟ್ಟು ಸವರಿ. ಎಲುಬು ಒಂದೊಂದೇ ಕೈಗೆ ಸಿಗಬೇಕು, ಮೇಲೆ ತೆಳು ಪದರ ಇರಬೇಕು. ಈ ತಳಿಯಲ್ಲಿ ಕೊನೆಯ ಎರಡು ಮೂರು ಪಕ್ಕೆಲುಬು ಕಣ್ಣಿಗೆ ಕಂಡರೆ ತಪ್ಪಿಲ್ಲ. ಬೆನ್ನೆಲುಬಿನ ಗಂಟು, ಸೊಂಟದ ಮೂಳೆ ಎದ್ದು ಕಂಡರೆ ಊಟ ಕಡಿಮೆಯಾಗಿದೆ, ಇಲ್ಲಾ ಹೊಟ್ಟೆಯಲ್ಲಿ ಜಂತು ಇದೆ ಅಂತ ಅರ್ಥ.

ಹೆಚ್ಚಿಸುವುದನ್ನು ಒಮ್ಮೆಗೇ ಮಾಡಬೇಡಿ. ನಮ್ಮಲ್ಲಿ ತೊಗರಿ ಕಾಯಿ ಕಟ್ಟುವಾಗ ಶುರುವಾದ ಕಾವಲು ಜೋಳದ ಸೀತನಿ (ಹಾಲುಗಾಳಿನ ತೆನೆ) ಮುಗಿದು ರಾಶಿ ಆಗುವವರೆಗೆ ಇರುತ್ತದೆ. ನಾನು ಮಹಾನವಮಿ ಆದ ಮೇಲಿಂದಲೇ ಎಣ್ಣೆ ಶುರು ಮಾಡುತ್ತೇನೆ. ಮೊದಲ ವಾರ ಒಂದು ಸಣ್ಣ ಚಮಚ, ಆಮೇಲೆ ನಿಧಾನ ಜಾಸ್ತಿ. ತತ್ತಿ, ಮಾಂಸವೂ ಹಾಗೇ. ಅವಸರ ಮಾಡಿದರೆ ಭೇದಿ ಹತ್ತುತ್ತದೆ, ಭೇದಿ ಹತ್ತಿದ ನಾಯಿ ಎಲ್ಲಿ ಓಡೀತು? ಹೋಳಿ ಹೊತ್ತಿಗೆ ಕೆಲಸ ಮುಗಿಯುತ್ತಾ ಬಂದ ಹಾಗೆ ಇಳಿಸಿಕೊಂಡು ಬನ್ನಿ. ಉಗಾದಿ ಆದ ಮೇಲೂ ಸುಗ್ಗಿಯ ಊಟವನ್ನೇ ಹಾಕಿದರೆ ಬೇಸಿಗೆಯಲ್ಲಿ ನಾಯಿ ದಪ್ಪಗಾಗುತ್ತದೆ. ದಪ್ಪ ನಾಯಿಗೆ ನಮ್ಮ ಬಿಸಿಲು ತಡೆಯುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಅಲ್ವಾ? ಆಗ ಊಟ ರಾತ್ರಿ ಗೋಡೆ ತಣ್ಣಗಾದ ಮೇಲೆ. ನೆರಳಲ್ಲಿ ಮಣ್ಣಿನ ಕುಂಡ ಇಟ್ಟು ದಿನಕ್ಕೆ ಮೂರು ಸಲ ನೀರು ಬದಲಿಸಿ. ಸುಮ್ನೆ ಮಲಗಿದ ನಾಯಿಗೇ ದಿನಕ್ಕೆ ಒಂದೂವರೆ ಲೀಟರ್ ಬೇಕು. ದುಡಿದರೆ ಅದರ ಎರಡು ಪಟ್ಟು ಕುಡಿದರೂ ಹೆಚ್ಚಲ್ಲ.

ಕಾವಲಿಗೆ ಹೋಗುವವರು ಚೀಲದಲ್ಲಿ ಒಂದು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟುಕೊಳ್ಳಿ. ಎರಡು ಮೂರು ತಾಸಿನ ದುಡಿಮೆ ನಡುವೆ ಕೂತಾಗ ಒಂದೆರಡು ತುಂಡು ರೊಟ್ಟಿ ಕೊಡಬಹುದು. ಬೆಲ್ಲ ಬೇರೆ ಕಾರಣಕ್ಕೆ. ಕೆಲವು ತೆಳ್ಳನೆಯ, ಹುರುಪಿನ ನಾಯಿಗಳು ಓಡಿ ಓಡಿ ಒಮ್ಮೆಗೇ ತಡವರಿಸುತ್ತವೆ. ಕಾಲು ನಡುಗುತ್ತದೆ, ಕಣ್ಣು ಮಂಕಾಗುತ್ತದೆ, ಕರೆದರೆ ತಿಳಿಯುವುದಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದಿರುತ್ತದೆ. ಬೆಲ್ಲ ನೀರಲ್ಲಿ ಕದಡಿ ಬೆರಳಿಂದ ವಸಡಿಗೆ ಹಚ್ಚಿ. ನುಂಗುವ ಶಕ್ತಿ ಇಲ್ಲದಾಗ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಮಾರನೇ ದಿನ ಡಾಕ್ಟರರಿಗೆ ತೋರಿಸಿ.

ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ದಿನ ಮಾತ್ರ ನಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಊರೆಲ್ಲ ಹೊಲದಲ್ಲಿ. ಚರಗ, ಅಂದರೆ ಭೂತಾಯಿಗೆ ಎಡೆ, ಚೆಲ್ಲಿ ಉಣ್ಣಲು ಕೂತವರು ಒಬ್ಬೊಬ್ಬರೂ ನಾಯಿಗೆ ಒಂದೊಂದು ತುತ್ತು. ಭಜ್ಜಿ ಪಲ್ಯದಲ್ಲಿ ಬಳ್ಳೊಳ್ಳಿ (ಬೆಳ್ಳುಳ್ಳಿ) ಇರುತ್ತದೆ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿಯಲ್ಲೂ ಇರುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತ ಕೆಡಿಸುತ್ತವೆ. ಹಸಿಯಾದರೂ ಬೇಡ, ಬೇಯಿಸಿದ್ದಾದರೂ ಬೇಡ. ಸಿಹಿಯಲ್ಲಿ ಹಾಕುವ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಪ್ರೀತಿ ಇದ್ದವರು ಬರೀ ಸಜ್ಜಿ ರೊಟ್ಟಿಯ ಚೂರು ಕೊಡಲಿ, ಅದೂ ಒಬ್ಬರೇ ಕೊಡಲಿ. ಮಳೆಗೆ ಸಿಕ್ಕಿ ಕಪ್ಪಾದ ಜೋಳ, ಬೂಸ್ಟು ಹಿಡಿದ ಶೇಂಗಾ “ನಾಯಿಗೆ ಆಗುತ್ತೆ ಬಿಡು” ಅಂತ ಬೇರೆ ತೆಗೆದಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಬೂಸ್ಟಿನ ವಿಷಕ್ಕೆ ನಾಯಿಯ ಪಿತ್ತಜನಕಾಂಗ ಕೆಟ್ಟು ಜೀವವೇ ಹೋಗುತ್ತದೆ.

ಕುರಿ ಕೊಯ್ದಾಗ ಹಸಿ ಪುಪ್ಪುಸ (ಶ್ವಾಸಕೋಶ), ಕಾರ್ಜ (ಪಿತ್ತಜನಕಾಂಗ) ನಾಯಿಗೆ ಎಸೆಯುವುದನ್ನೂ ಬಿಡಬೇಕು. ಕುರಿಯ ಒಳಗೆ ನೀರುಗುಳ್ಳೆ ಇದ್ದರೆ ಅದರಿಂದ ನಾಯಿಗೆ ಜಂತು, ನಾಯಿಯ ಹೇಲಿನಿಂದ ಮನೆ ಮಕ್ಕಳ ಹೊಟ್ಟೆಗೆ ಅದೇ ಗುಳ್ಳೆ. ಚೆನ್ನಾಗಿ ಕುದಿಸಿ ಹಾಕಿ. ಗುಳ್ಳೆ ಕಂಡದ್ದನ್ನು ಆಳವಾಗಿ ಹೂಳಿ. ಮೂರು ತಿಂಗಳಿಗೊಮ್ಮೆ ಜಂತಿನ ಗುಳಿಗೆ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬೇಡಿ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ, ಅದೂ ಬೇಡ. ಸುಣ್ಣದ ಅಂಶಕ್ಕೆ ತತ್ತಿ ಸಿಪ್ಪೆ ತೊಳೆದು, ಹಂಚಿನ ಮೇಲೆ ಹುರಿದು, ನುಣ್ಣಗೆ ಕುಟ್ಟಿ, ದಿನಕ್ಕೆ ಅರ್ಧ ಚಮಚ ಬೆರೆಸಿ.

ಹೊಟ್ಟೆ ಉಬ್ಬುವ ಮಾತು ಮೊದಲೇ ಎತ್ತಿದ್ದೆ. ಆಳ ಎದೆಯ ನಾಯಿಗಳಲ್ಲಿ ಇದು ಜಾಸ್ತಿ. ಪಕ್ಕೆಯ ಹಿಂದೆ ಹೊಟ್ಟೆ ಬಿಗಿಯಾಗಿ ಉಬ್ಬಿ, ಕಕ್ಕಲು ಹೋದರೆ ಬರೀ ನೊರೆ ಬಂದು, ಜೊಲ್ಲು ಸುರಿಸುತ್ತಾ ಕೂರಲಾರದೆ ನಿಲ್ಲಲಾರದೆ ತಿರುಗಾಡಿದರೆ, ಎಣ್ಣೆ ಕುಡಿಸುತ್ತಾ ಅಜವಾನ ತಿಕ್ಕುತ್ತಾ ಕೂರಬೇಡಿ. ಅದು ಮನೆ ಮದ್ದಿಗೆ ಬಗ್ಗುವ ರೋಗ ಅಲ್ಲ, ಆಪರೇಷನ್ ಬೇಕು, ಅದೂ ಕೆಲವೇ ತಾಸಿನೊಳಗೆ. ಸಿಕ್ಕ ಗಾಡಿ ಹತ್ತಿಸಿ ದೊಡ್ಡ ದವಾಖಾನೆಗೆ ಹೋಗಿ. ಇದು ಬಾರದಂತೆ ತಡೆಯಲು ಎರಡು ಸಣ್ಣ ಉಪಾಯ ಮಾಡುತ್ತೇವೆ. ಒಂದೇ ತಾಟಿಗೆ ಎರಡು ನಾಯಿ ಬಿಡುವುದಿಲ್ಲ, ಪೈಪೋಟಿಗೆ ಬಿದ್ದು ಗಬಗಬ ನುಂಗುತ್ತವೆ. ಒಬ್ಬಂಟಿಯಾಗಿಯೂ ಗಬಗಬ ತಿನ್ನುವ ನಾಯಿಯ ತಾಟಿನಲ್ಲಿ ಬಾಯಿಗೆ ಹಿಡಿಯಲಾರದಷ್ಟು ದೊಡ್ಡ, ನುಣ್ಣನೆಯ ಹೊಳೆ ಕಲ್ಲೊಂದನ್ನು ತೊಳೆದು ಇಡುತ್ತೇವೆ. ಕಲ್ಲಿನ ಸುತ್ತ ಹುಡುಕಿ ಹುಡುಕಿ ತಿನ್ನುವಾಗ ತಾನಾಗಿಯೇ ನಿಧಾನ ಆಗುತ್ತದೆ.

ಅಂಗಡಿ ಪಾಕೀಟಿನ ಊಟ ಹಾಕುವವರು ಹಾಕಲಿ, ಕೆಟ್ಟದ್ದೇನಲ್ಲ. ಪಾಕೀಟಿನ ಹಿಂಬದಿ ಬರೆದಿರುವ ಪ್ರೋಟೀನ್, ಕೊಬ್ಬಿನ ಅಂಕಿ ಓದಿ ತನ್ನಿ. ದುಡಿಯುವ ನಾಯಿಗೆ ಎರಡೂ ಜಾಸ್ತಿ ಇರುವುದು ಬೇಕು. ರೊಟ್ಟಿಯಿಂದ ಅದಕ್ಕೆ ಬದಲಿಸುವಾಗ ಒಂದು ವಾರ, ಹತ್ತು ದಿನ ಎರಡನ್ನೂ ಬೆರೆಸುತ್ತಾ ಬದಲಿಸಿ.

ಮರಿಗಳಿಗೆ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು. ಮರಿ ಹಾಕಿದ ತಾಯಿಗೆ ಮೂರು ನಾಲ್ಕನೇ ವಾರದಲ್ಲಿ ಮಾಮೂಲಿಗಿಂತ ಎರಡು ಮೂರು ಪಟ್ಟು ಊಟ ಬೇಕು. ಅವಳಿಗೆ ಹೊತ್ತಿನ ಕಟ್ಟಳೆ ಇಲ್ಲ, ಕೇಳಿದಾಗಲೆಲ್ಲ ಹಾಕಿ. ವಯಸ್ಸಾಗಿ ಹೊಲಕ್ಕೆ ಹೋಗುವುದು ಬಿಟ್ಟ ನಾಯಿಗೆ ಎಣ್ಣೆ ಕಡಿಮೆ ಮಾಡಿ, ರೊಟ್ಟಿ ಬದಲು ಜೋಳದ ನುಚ್ಚು ಮೆತ್ತಗೆ ಬೇಯಿಸಿ, ತತ್ತಿ ಮಾತ್ರ ಕಡಿಮೆ ಮಾಡಬೇಡಿ. ಹಲ್ಲು ಹೋದ ಮುದಿ ನಾಯಿ ಉಣ್ಣುವುದು ತಡ, ಎಳೆಯವು ಕಸಿದುಕೊಳ್ಳುತ್ತವೆ. ಅದಕ್ಕೆ ಬೇರೆ ಕಡೆ ಹಾಕಿ, ಮುಗಿಸುವ ತನಕ ಯಾರಾದರೂ ಹತ್ತಿರ ಕೂತಿರಿ.