ಆಡುವ ಫ್ರೇಮಿಗೆ ಆಡಿಸಿಯೇ ಅಳತೆ: ಕಾರ್ಬನ್ ಮೌಂಟನ್ ಬೈಕ್ ಜೋಡಿಸಿದ ನನ್ನ ಅನುಭವ

ಎರಡೂ ಗಾಲಿಗೆ ಸಸ್ಪೆನ್ಷನ್ ಇರುವ ಸೈಕಲ್ಲಿನ ಫ್ರೇಮು ಒಂದೇ ಆಕಾರದಲ್ಲಿ ನಿಲ್ಲುವುದಿಲ್ಲ. ಹಿಂಬದಿಯ ತ್ರಿಕೋನ ಕೀಲುಗಳ ಆಧಾರದಲ್ಲಿ ಮೇಲೆ ಕೆಳಗೆ ಆಡುತ್ತದೆ. ಅದು ಆಡಿದಂತೆಲ್ಲ ಚೈನಿಗೆ ಬೇಕಾದ ಉದ್ದ, ಬ್ರೇಕ್ ಪೈಪಿನ ಸಡಿಲ, ಟೈರಿಗೂ ಸೀಟ್ ಕೊಳವೆಗೂ ನಡುವಿನ ಸಂದು ಬದಲಾಗುತ್ತವೆ. ಸ್ಟ್ಯಾಂಡಿಗೆ ನೇತುಹಾಕಿ ತೆಗೆದ ಅಳತೆ ಅರ್ಧ ಅಳತೆ ಮಾತ್ರ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಟೂಲ್‌ರೂಮ್ ಕೆಲಸ ಮಾಡಿಕೊಂಡು ಬಂದ ನನಗೆ ಅಳತೆಯ ಹುಚ್ಚು ಮೊದಲಿನಿಂದಲೂ ಇದೆ. ಆದರೂ ಚಲಿಸುವ ವಸ್ತುವಿಗೆ ಚಲನೆಯಲ್ಲೇ ಅಳತೆ ಹಿಡಿಯಬೇಕೆಂಬುದು ಎಷ್ಟು ಮುಖ್ಯವೆಂದು ಈ ಸೈಕಲ್ಲಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿರಲಿಲ್ಲ.

ಸಿದ್ಧ ಸೈಕಲ್ಲನ್ನೇ ಕೊಳ್ಳಬಹುದಿತ್ತಲ್ಲ ಎಂದು ಮನೆಯಲ್ಲೂ ಕೇಳಿದರು, ಕಾರ್ಖಾನೆಯಲ್ಲೂ ಕೇಳಿದರು. ಇಂಥ ಸೈಕಲ್ಲಿಗೆ ಒಂದೇ ಸಲ ಸುರಿಯುವಷ್ಟು ಹಣ ಸಂಬಳದವನ ಕೈಯಲ್ಲಿ ಇರುವುದಿಲ್ಲ. ಫ್ರೇಮು ಒಮ್ಮೆ, ಮುಂಗಾಲಿ ಹಿಡಿಯುವ ಫೋರ್ಕು ಒಮ್ಮೆ, ಗಾಲಿ ಇನ್ನೊಮ್ಮೆ ಎಂದು ಕೊಂಡರೆ ಹೊರೆ ಹಂಚಿಹೋಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು: ಕಲ್ಲಿನ ಇಳಿಜಾರಿನಲ್ಲಿ ನನ್ನ ಜೀವ ಹೊರುವ ಪ್ರತಿಯೊಂದು ಬೋಲ್ಟನ್ನೂ ನಾನೇ ಬಿಗಿ ಮಾಡಿರಬೇಕೆಂಬ ಹಟ.

ಹಣ ಕೊಡುವ ಮುಂಚೆ ಕಾಗದದ ಕೆಲಸವೇ ಹೆಚ್ಚು. ನೋಟ್‌ಬುಕ್ಕಿನ ಎಡಪುಟದಲ್ಲಿ ಫ್ರೇಮು ಕೇಳುವ ಅಳತೆ, ಬಲಪುಟದಲ್ಲಿ ಬಿಡಿಭಾಗದ ಅಳತೆ ಬರೆದುಕೊಂಡೆ. ಹಿಂದಿನ ಅಚ್ಚು 12 ಮಿ.ಮೀ. ದಪ್ಪ, ಗಾಲಿಯ ನಡುಭಾಗವಾದ ಹಬ್ಬಿನ ಅಗಲ 148. ಮುಂದೆ 15 ಮತ್ತು 110. ಇದಕ್ಕೆ ಬೂಸ್ಟ್ ಎನ್ನುತ್ತಾರೆ. 142ರ ಹಬ್ ಅಗ್ಗಕ್ಕೆ ಸಿಗುತ್ತದೆಂದು ತಂದರೆ ಅದು ಇಲ್ಲಿ ನೇರವಾಗಿ ಕೂರುವುದಿಲ್ಲ. ಹನ್ನೆರಡು ಗೇರಿನ ಶಿಮಾನೊ ಡಿಯೋರ್ ಆರಿಸಿದೆ. ಹಿಂದಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, 10ರಿಂದ 51 ಹಲ್ಲಿನದು. ಅದಕ್ಕೆ ಹಬ್ಬಿನ ಮೇಲೆ ಅದು ಕೂರುವ ಮೈಕ್ರೋ ಸ್ಪ್ಲೈನ್ ಎಂಬ ಬಗೆಯ ಬಾಡಿಯೇ ಬೇಕು. ಪೆಡಲ್ ಅಚ್ಚಿನ ಗೂಡು 73 ಮಿ.ಮೀ. ಅಗಲದ, ಥ್ರೆಡ್ ಇರುವ ಬಗೆಯದು. ಇಂಥ ಫ್ರೇಮನ್ನೇ ಹುಡುಕಿ ಕೊಂಡೆ, ಏಕೆಂದರೆ ಒತ್ತಿ ಕೂರಿಸುವ ಬೇರಿಂಗಾದರೆ ಗೂಡಿನ ಅಳತೆ ಕೂದಲೆಳೆ ತಪ್ಪಿದರೂ ಕಿರುಗುಟ್ಟುತ್ತದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೈಲರನ್ನು ಫ್ರೇಮಿಗೆ ಹಿಡಿಸುವ ಗೇರ್ ಹ್ಯಾಂಗರ್ ಸ್ರ್ಯಾಮ್ ಕಂಪನಿ 2019ರಲ್ಲಿ ತಂದ ಯುಡಿಎಚ್ ಮಾದರಿಯದು. ಕಲ್ಲಿಗೆ ತಗುಲಿ ಬಾಗಿದರೆ ಬೇರೆ ಬೇರೆ ಕಂಪನಿಗಳ ಫ್ರೇಮಿಗೂ ಹೊಂದುವ ಅದೇ ಭಾಗ ಸಿಗುತ್ತದೆ. ನಮ್ಮಂಥ ಊರಿನಲ್ಲಿರುವವರಿಗೆ ಇದೊಂದು ದೊಡ್ಡ ನೆಮ್ಮದಿ.

ಹಿಂಬದಿಯ ಹೊಡೆತವನ್ನು ಕುಗ್ಗಿ ತಡೆಯುವ ಗಾಳಿ ತುಂಬಿದ ಷಾಕ್ 210×55 ಮಿ.ಮೀ. ಅಳತೆಯದು. ಮೊದಲನೆಯದು ಒಂದು ತುದಿಯ ಕಣ್ಣಿನಿಂದ (ಬೋಲ್ಟ್ ತೂತಿನಿಂದ) ಇನ್ನೊಂದು ಕಣ್ಣಿಗೆ ಇರುವ ಉದ್ದ, ಎರಡನೆಯದು ಕುಗ್ಗುವ ದೂರ. 55 ಮಿ.ಮೀ. ಕುಗ್ಗಿದರೆ ಹಿಂಗಾಲಿ 140 ಮಿ.ಮೀ. ಮೇಲೇಳುತ್ತದೆ. ಅದೇ 210ರ ಉದ್ದದಲ್ಲಿ 50 ಅಥವಾ 52.5 ಮಿ.ಮೀ. ಕುಗ್ಗುವವೂ ಸಿಗುತ್ತವೆ, ಅವನ್ನು ಹಾಕಿದರೆ ಗಾಲಿಯ ಓಡಾಟ ಕಡಿಮೆಯಾಗುತ್ತದೆ ಅಷ್ಟೇ. ಫ್ರೇಮಿಗೆ ಹೇಳಿದ್ದಕ್ಕಿಂತ ಹೆಚ್ಚು ಕುಗ್ಗುವುದನ್ನು ಹಾಕಿದರೆ ಟೈರು ಹೋಗಿ ಸೀಟ್ ಕೊಳವೆಗೆ ಬಡಿಯಬಹುದು. ಅಂಥ ಪೆಟ್ಟು ಕಾರ್ಬನ್ನಿಗೆ ಸಲ್ಲದು.

ಈ ಕಾರಣಕ್ಕೇ ಕೇಬಲ್ ಪೈಪುಗಳನ್ನು ಕತ್ತರಿಸುವ ಮುಂಚೆ ಹಿಂಗಾಲಿಗೆ ಟೈರು ಹಾಕಿ, ಷಾಕಿನ ಗಾಳಿಯನ್ನು ನಿಧಾನವಾಗಿ ಪೂರ್ತಿ ಬಿಟ್ಟು, ಹಿಂಬದಿಯನ್ನು ಕೈಯಿಂದ ಮೇಲೆತ್ತಿದೆ. ಮಗಳು ಟಾರ್ಚ್ ಹಿಡಿದು ಸಂದಿಯನ್ನೇ ನೋಡುತ್ತಿದ್ದಳು. “ಅಪ್ಪಾ, ಇನ್ನು ಮೇಲೆ ಹೋಗುವುದಿಲ್ಲ, ಷಾಕ್ ತಳ ಮುಟ್ಟಿತು” ಎಂದಳು. ಅದೇ ಸ್ಥಿತಿಯಲ್ಲಿ ಗಾಲಿಯನ್ನು ಹಿಡಿದುಕೊಂಡು ಡ್ರಿಲ್ ಬಿಟ್‌ಗಳ ಹಿಡಿಯನ್ನೇ ಗೇಜ್ ಮಾಡಿ ತೂರಿಸಿದೆ. 8 ಮಿ.ಮೀ.ಯದು ಸಲೀಸಾಗಿ ಹೋಯಿತು, 10ರದು ಟೈರಿನ ಗುಬ್ಬಿಗೆ ತಡೆಯಿತು. 2.4 ಇಂಚಿನ ಟೈರಿಗೆ ಅಷ್ಟು ಸಾಕು. ಮಣ್ಣು ಮೆತ್ತಿಕೊಂಡರೂ ಉಜ್ಜುವುದಿಲ್ಲ. 2.6ರ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಹೀಗೆ ಎತ್ತಿ ಹಿಡಿದಾಗಲೇ ಇನ್ನೆರಡು ಸಂಗತಿ ತೀರ್ಮಾನವಾಗಬೇಕು. ಮುಖ್ಯ ಕೀಲಿನ ಬಳಿ ಬ್ರೇಕ್ ಪೈಪು ಒಂದು ತುದಿಯಲ್ಲಿ ಬಿಗಿದು ಇನ್ನೊಂದು ತುದಿಯಲ್ಲಿ ಉಬ್ಬುತ್ತದೆ. ಎರಡೂ ತುದಿಯಲ್ಲಿ ಅದು ಎಳೆಯದಷ್ಟು, ಪೆಡಲ್ ಹಿಡಿಯುವ ಕ್ರ್ಯಾಂಕಿಗೂ ತಾಗದಷ್ಟು ಸಡಿಲ ಬಿಟ್ಟು ಆಮೇಲೆಯೇ ಕತ್ತರಿಸಬೇಕು. ಎರಡನೆಯದು ಚೈನು. ಹಿಂಬದಿ ಮೇಲೇಳುವಾಗ ಪೆಡಲ್ ಅಚ್ಚಿನಿಂದ ಹಿಂದಿನ ಅಚ್ಚಿಗೆ ಇರುವ ದೂರ ಹೆಚ್ಚಾಗುವುದರಿಂದ, ಅದು ಅತಿ ಹೆಚ್ಚಾಗುವ ಸ್ಥಾನದಲ್ಲಿ ಚೈನನ್ನು ಮುಂದಿನ ಹಲ್ಲುಚಕ್ರ ಮತ್ತು ಹಿಂದಿನ 51 ಹಲ್ಲಿನದರ ಮೇಲೆ ಸುತ್ತಿ, ಕಂಪನಿ ಹೇಳಿದಷ್ಟು ಕೊಂಡಿ ಸೇರಿಸಿ ತುಂಡರಿಸಿದೆ. ನಿಂತ ಫ್ರೇಮಿನ ಲೆಕ್ಕದಲ್ಲಿ ತುಂಡರಿಸಿದ ಚೈನು ದೊಡ್ಡ ಹೊಡೆತಕ್ಕೆ ಡಿರೈಲರನ್ನೇ ಕಿತ್ತುಕೊಂಡು ಹೋಗಬಲ್ಲದು.

ಬೇರಿಂಗ್ ಕೂರಿಸುವ ಪ್ರೆಸ್ಸನ್ನು ಕೊಳ್ಳಲಿಲ್ಲ. ಥ್ರೆಡ್ ಇರುವ ಉದ್ದ ರಾಡು, ಎರಡು ನಟ್ಟು, ಲೇತಿನಲ್ಲಿ ತಿರುಗಿಸಿದ ನೈಲಾನ್ ಬಿಲ್ಲೆಗಳು, ಇಷ್ಟರಲ್ಲೇ ಮುಗಿಯಿತು. ಬಿಲ್ಲೆಯ ಅಂಚು ಬೇರಿಂಗಿನ ಹೊರಬಳೆಯ ಮೇಲೆ ಮಾತ್ರ ಕೂರಬೇಕು. ಒಳಬಳೆಯನ್ನು ಒತ್ತಿದರೆ ಒಳಗಿನ ಗುಂಡುಗಳು ಕಚ್ಚುತ್ತವೆ. ಮುಖ್ಯ ಕೀಲಿನ ಬೇರಿಂಗಿನ ಮೇಲೆ 6902 ಎಂಬ ಸಂಖ್ಯೆ ಇತ್ತು, ಅಂದರೆ ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಮಿ.ಮೀ. ಕೀಲು ಪೂರ್ತಿ ಸುತ್ತುವುದಿಲ್ಲ, ಒಂದಿಷ್ಟು ಕೋನದಲ್ಲಿ ಹಿಂದೆ ಮುಂದೆ ಹೊರಳುತ್ತದೆ. ಅದಕ್ಕಾಗಿ ಗುಂಡುಗಳನ್ನು ಬಿಡಿಸಿ ಹಿಡಿಯುವ ಕೇಜ್ ಇಲ್ಲದ, ಗುಂಡುಗಳು ತುಂಬಿರುವ ಬೇರಿಂಗನ್ನೇ ಹಾಕುತ್ತಾರೆ. ಸಂಖ್ಯೆ ಒಂದೇ ಎಂದು ಸಾದಾ ಬೇರಿಂಗ್ ಹಾಕಿದರೆ ಬೇಗ ಸವೆಯುತ್ತದೆ.

ಗಾಲಿ ಕಟ್ಟಿಸಿದ್ದು ಬಿ.ಎಚ್. ರಸ್ತೆಯ ಒಳಗಲ್ಲಿಯ ಹಿರಿಯ ಸೈಕಲ್ ಮೇಸ್ತ್ರಿಯವರಿಂದ. ಸ್ಪೋಕ್ಸ್ ಮೀಟಿ, ಸದ್ದು ಕೇಳಿ ಬಿಗಿ ಹೇಳುವವರು ಅವರು. “ನಿಮ್ಮ ಮೀಟರು ಏನು ಹೇಳುತ್ತದೆ ನೋಡಿ ಸಾರ್” ಎಂದರು. ಹಿಂಗಾಲಿಯ ಚೈನ್ ಬದಿಯಲ್ಲಿ 110ರಿಂದ 120 ಕಿಲೋ ಬಿಗಿ ಬೇಕಿತ್ತು. ಮೀಟರು ಒಂದೊಂದು ಕಡ್ಡಿಯಲ್ಲೂ ಆ ಗೆರೆಗಳ ನಡುವೆಯೇ ನಿಂತಿತು. ಇಂಥ ಕಿವಿ ಇರುವವರ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿರುವುದು ನಿಜಕ್ಕೂ ನೋವಿನ ಸಂಗತಿ.

ಕಾರ್ಬನ್ ಎಂದರೆ ಎಳೆಗಳ ಪದರ ಮತ್ತು ಅಂಟು. ಎಳೆಯುವ ದಿಕ್ಕಿನಲ್ಲಿ ಅದರ ಬಲ ದೊಡ್ಡದು, ಒಂದು ಬಿಂದುವಿನಲ್ಲಿ ಹಿಸುಕಿದರೆ ತಡೆದುಕೊಳ್ಳುವುದಿಲ್ಲ. ಫ್ರೇಮು ಬಂದ ದಿನ ನಾಣ್ಯದ ಅಂಚಿನಿಂದ ಕೊಳವೆಗಳನ್ನು ಉದ್ದಕ್ಕೂ ತಟ್ಟಿ ಕೇಳಿದೆ. ಸ್ವಚ್ಛ ಟಕಟಕ ಎಲ್ಲೂ ಮಂದವಾಗಲಿಲ್ಲ. ಪದರ ಬಿಟ್ಟಿದ್ದರೆ ಸದ್ದು ಅಲ್ಲಿ ಸತ್ತಂತಾಗುತ್ತದೆ. ಜೋಡಿಸುವ ಸ್ಟ್ಯಾಂಡಿನ ದವಡೆಗೆ ಫ್ರೇಮಿನ ಕೊಳವೆಯನ್ನು ಕೊಡಲೇಬಾರದು, ಸೀಟ್ ಪೋಸ್ಟನ್ನು ಹಿಡಿಸಬೇಕು. ಸೀಟ್ ಕ್ಲಾಂಪಿಗೆ 5 ನ್ಯೂಟನ್ ಮೀಟರ್, ಅದೂ ಮರಳಿನಂತೆ ಹರಳಿರುವ ಕಾರ್ಬನ್ ಪೇಸ್ಟ್ ಸವರಿ. ಆ ಹರಳುಗಳ ಹಿಡಿತದಿಂದ ಕಡಿಮೆ ಬಿಗಿಯಲ್ಲೇ ಪೋಸ್ಟ್ ಜಾರದೆ ನಿಲ್ಲುತ್ತದೆ. ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಬೋಲ್ಟ್‌ಗಳಿಗೂ 5, ಕ್ಯಾಸೆಟ್ಟಿನ ಬಳೆಗೆ 40. ಪೆಡಲ್ ಅಚ್ಚಿನ ಬಲಗಡೆಯ ಕಪ್ ಉಲ್ಟಾ ಥ್ರೆಡ್ಡಿನದು, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಕೈಯಂದಾಜು ಎಷ್ಟೇ ಪಳಗಿದ್ದರೂ ಇಲ್ಲಿ ಬಿಗಿಯನ್ನು ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದೆ ಕೆಲಸ ಮಾಡಬೇಡಿ. ಅಲ್ಯೂಮಿನಿಯಂ ಭಾಗ ಕಾರ್ಬನ್ನಿಗೆ ತಾಗುವಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಆದ್ದರಿಂದ ಥ್ರೆಡ್‌ಗಳಿಗೆ ಗ್ರೀಸ್ ತಪ್ಪಿಸಬೇಡಿ.

ಟೈರಿಗೆ ಟ್ಯೂಬ್ ಹಾಕಲಿಲ್ಲ. ನಮ್ಮ ಕಡೆಯ ದಾರಿಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳು ತಪ್ಪಿದ್ದಲ್ಲ. ರಿಮ್ಮಿಗೆ ಟೇಪ್ ಸುತ್ತಿ, ಟೈರಿನೊಳಗೆ ಸೀಲೆಂಟ್ ದ್ರವ ಹಾಕಿದರೆ ಮುಳ್ಳಿನ ತೂತನ್ನು ಅದೇ ಮುಚ್ಚಿಕೊಳ್ಳುತ್ತದೆ. ಬಿಸಿಲಿಗೆ ದ್ರವ ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ಆಗಾಗ ನೋಡಿ ತುಂಬಬೇಕು.

ಷಾಕಿಗೆ ಗಾಳಿ ತುಂಬುವಾಗ ಒಂದೇ ಉಸಿರಿಗೆ ತುಂಬದೆ, ನಡುನಡುವೆ ನಿಲ್ಲಿಸಿ ನಿಧಾನವಾಗಿ ಒತ್ತಿ ಬಿಡುತ್ತಿರಬೇಕು, ಒಳಗಿನ ಎರಡು ಕೋಣೆಗಳ ಒತ್ತಡ ಸಮನಾಗುತ್ತದೆ. ಸವಾರಿಯ ಉಡುಪಿನಲ್ಲೇ, ನೀರಿನ ಚೀಲದ ಸಮೇತ ಏರಿ ಕುಳಿತಾಗ ಷಾಕಿನ ಮೇಲೆ ಕುಗ್ಗಿದ ದೂರ ತೋರಿಸುವ ರಬ್ಬರ್ ಬಳೆ 16 ಮಿ.ಮೀ. ಸರಿಯುವಂತೆ ಇಟ್ಟೆ, ಒಟ್ಟು ಕುಗ್ಗುವಿಕೆಯ ಶೇ. 30ರ ಹತ್ತಿರ. 150 ಮಿ.ಮೀ. ಕುಗ್ಗುವ ಫೋರ್ಕಿಗೆ 30 ಮಿ.ಮೀ.

ನಾಮದ ಚಿಲುಮೆಯ ದಾರಿಯಾಗಿ ದೇವರಾಯನದುರ್ಗಕ್ಕೆ ಏರಿ, ಭೋಗಾನರಸಿಂಹನ ಗುಡಿಯಿಂದ ಮೇಲಿನ ಯೋಗಾನರಸಿಂಹನ ಕಡೆಗೆ ಡಾಂಬರಿನಲ್ಲೇ ಹತ್ತಿ ಗೇರುಗಳನ್ನು ಪರೀಕ್ಷಿಸಿದೆ. ಕಾಡಿನೊಳಗಿನ ಜಾಡುಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಬಾರದು. ಕಲ್ಲು ಬೇಕೆಂದರೆ ಬೆಟ್ಟದ ಬುಡದ ಹೊಲಗಳ ಬಂಡಿ ಜಾಡುಗಳೇ ಸಾಕಷ್ಟಿವೆ. ಅಂಥದೊಂದರಲ್ಲಿ ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲಿನಿಂದ ಇಳಿಸಿದಾಗ ಷಾಕಿನ ಬಳೆ ತುದಿಗೆ ಹೋಗಿ ಕೆಲವೇ ಮಿಲಿಮೀಟರ್ ಉಳಿಸಿ ನಿಂತಿತ್ತು. ಒತ್ತಡ ಸರಿಯಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮನೆಗೆ ಬಂದ ಮೇಲೆ ಕೀಲಿನ ಬೋಲ್ಟ್‌ಗಳನ್ನೆಲ್ಲ ಟಾರ್ಕ್ ವ್ರೆಂಚಿನಿಂದ ಮತ್ತೆ ನೋಡಿದೆ. ಹೊಸ ಜೋಡಣೆ ಒಂದೆರಡು ಸವಾರಿಯಲ್ಲಿ ತುಸು ಸಡಿಲಗೊಳ್ಳುವುದು ಸಹಜ. ಷಾಕಿನ ಗಾಳಿ ಕೋಣೆ ಮತ್ತು ಫೋರ್ಕಿನ ಕೆಳಭಾಗವನ್ನು 50 ಗಂಟೆಗಳ ಸವಾರಿಗೊಮ್ಮೆ ಬಿಚ್ಚಿ ಸ್ವಚ್ಛ ಮಾಡಿ ಎಣ್ಣೆ ಬದಲಿಸಲು ಕಂಪನಿ ಹೇಳುತ್ತದೆ. ನಮ್ಮ ಕೆಂಪು ಧೂಳಿನಲ್ಲಿ ಅಷ್ಟು ಕಾಯಲು ನನಗೆ ಮನಸ್ಸಿಲ್ಲ, ಅದಕ್ಕಿಂತ ಮುಂಚೆಯೇ ಬಿಚ್ಚುತ್ತೇನೆ. ಸೀಲುಗಳ ಕಿಟ್ಟನ್ನು ಷಾಕಿನ ಜೊತೆಗೇ ತರಿಸಿಟ್ಟುಕೊಂಡಿದ್ದೇನೆ.