ಕನ್ನಡ ಬಾರದ ಕಿವಿ

ನನ್ನ ವಿದ್ಯಾರ್ಥಿಗಳ ಇಂಗ್ಲಿಷನ್ನು ಅಳೆಯಲು ಎಲ್ಲರಿಗಿಂತ ಅನರ್ಹನಾದ ಮನುಷ್ಯ ನಾನೇ. ಇದು ತಿಳಿಯುವುದಕ್ಕೆ ನನಗೆ 6 ವರ್ಷ ಹಿಡಿಯಿತು, ಕೈಯಿಂದ ಸುಮಾರು 60,000 ರೂಪಾಯಿ ಹೋಯಿತು.

ದಾವಣಗೆರೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮಾತು ಕಲಿಸುವ ತರಗತಿ ನಡೆಸುತ್ತೇನೆ. ಬರುವವರು ಕಾಲೇಜು ಹುಡುಗರಲ್ಲ. ಬಟ್ಟೆ ಅಂಗಡಿಯ ಮಾಲೀಕರು, ನರ್ಸುಗಳು, ಆಸ್ಪತ್ರೆಯ ವಿಚಾರಣೆ ಮೇಜಿನಲ್ಲಿ ಕೂರುವವರು, ಮೋಟಾರು ರಿಪೇರಿಯವರು. ಬೆಂಗಳೂರಿನಲ್ಲಿರುವ ಮಗ ಲಖನೌ ಹುಡುಗಿಯನ್ನು ಮದುವೆಯಾದ ಮೇಲೆ ಸೊಸೆಯೊಡನೆ ನಾಲ್ಕು ಮಾತಾಡಲೆಂದು ಬಂದ ಒಬ್ಬ ಅತ್ತೆಯೂ ಇದ್ದರು. ಇವರಿಗೆ ಪ್ರಮಾಣಪತ್ರ ಬೇಕಿಲ್ಲ. ಫೋನು ಬಂದರೆ ಕೈ ನಡುಗಬಾರದು, ಅಷ್ಟೇ.

ಕಲಿಸುವ ವಿಷಯ ಇಲ್ಲಿ ಬರೆಯುವುದಿಲ್ಲ, ಅದು ಮೇಷ್ಟರುಗಳಾದ ನಿಮಗೆಲ್ಲ ಗೊತ್ತಿರುವುದೇ. ಮೂರು ತಿಂಗಳ ಬ್ಯಾಚು ಮುಗಿದ ದಿನ "ಸರ್, ನನಗೆ ಎಷ್ಟು ಬಂತು?" ಎಂದು ಕೇಳುತ್ತಾರಲ್ಲ, ಆಗ ನಾವು ಕೈ ನೋಡಿ ಭವಿಷ್ಯ ಹೇಳುವವರ ಹಾಗೆ ಏನೋ ಒಂದು ಹೇಳಿ ಕಳಿಸುತ್ತೇವಲ್ಲ, ನನ್ನ ಜಗಳ ಅದರ ಜೊತೆ.

ಮೊದಲು ಎಲ್ಲರಂತೆ ನಾನೂ 50 ಪ್ರಶ್ನೆಗಳ ಕಾಗದವನ್ನೇ ಕೊಡುತ್ತಿದ್ದೆ. ಅದರಲ್ಲಿ 45 ತೆಗೆದ ಪದವೀಧರನೊಬ್ಬ ಅದೇ ಸಂಜೆ ಕೊರಿಯರ್‌ನವನ ಫೋನಿಗೆ ಉತ್ತರಿಸಲಾರದೆ ಮೊಬೈಲನ್ನು ನನ್ನ ಕೈಗಿತ್ತ. ಕಾಗದದ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಸಂದರ್ಶನ ಹಿಡಿದೆ. "ನಿಮ್ಮ ಬಗ್ಗೆ ಹೇಳಿ" ಎಂದರೆ ಸಾಕು, 'ಮೈಸೆಲ್ಫ್' ಎಂದು ಹೊರಟವರು ಊರು, ಓದು, ತಂದೆಯ ಉದ್ಯೋಗ ದಾಟಿ ಹವ್ಯಾಸದ ಹತ್ತಿರ ಬಂದೇ ನಿಲ್ಲುತ್ತಿದ್ದರು. ನಡುವೆ ಕೆಮ್ಮು ಬಂದ ಒಬ್ಬರು ಮತ್ತೆ ಮೊದಲಿನಿಂದ ಶುರು ಮಾಡಿದರು, ಮಂತ್ರ ತಪ್ಪಿದ ಪುರೋಹಿತರಂತೆ. ಅದಕ್ಕೆ 20ಕ್ಕೆ 15 ಕೊಟ್ಟ ಪುಣ್ಯಾತ್ಮ ನಾನೇ.

ಮೂರನೆಯದು ದುಬಾರಿ ತಪ್ಪು. ಆಲಿಸುವಿಕೆಯನ್ನೂ ಅಳೆಯಬೇಕು ಎಂಬ ಹುಮ್ಮಸ್ಸಿನಲ್ಲಿ ತಲಾ 650 ರೂಪಾಯಿಯಂತೆ 12 ಹೆಡ್‌ಫೋನು, 38,000ಕ್ಕೆ ಒಂದು ತಂತ್ರಾಂಶ, ಬಡಗಿಯಿಂದ ಪ್ಲೈವುಡ್ ಗೂಡುಗಳು. ಗೂಡಿನ ಲೆಕ್ಕ ಸರಿಯಾಗಿ ನೆನಪಿಲ್ಲ, 14,000 ಇರಬೇಕು. ತಂತ್ರಾಂಶದಲ್ಲಿದ್ದುದೆಲ್ಲ ಬ್ರಿಟಿಷ್ ದನಿ. ಅವರು ಸೊನ್ನೆಗೆ 'ಓ' ಎನ್ನುತ್ತಾರೆ. ನಮ್ಮ ನರ್ಸುಗಳು ಫೋನ್ ನಂಬರಿನ ನಡುವೆ ಶ್ರದ್ಧೆಯಿಂದ ಓ ಅಕ್ಷರ ಬರೆದರು. ಅದನ್ನು ತಪ್ಪೆಂದು ಹೇಗೆ ಹೇಳಲಿ? ಇವರಿಗೆ ಫೋನು ಬರುವುದು ಲಂಡನ್ನಿನಿಂದಲ್ಲ. ಸೂರತ್, ಸೇಲಂ, ಪಟ್ನಾಗಳಿಂದ. ಅಲ್ಲಿಯವರು 'ಡಬಲ್ ಫೋರ್, ಟ್ರಿಪಲ್ ನೈನ್' ಎನ್ನುತ್ತಾರೆ. ಹೆಡ್‌ಫೋನುಗಳನ್ನು ಮೊಬೈಲ್ ಅಂಗಡಿಯವರಿಗೆ ತಲಾ 150ಕ್ಕೆ ಮಾರಿದೆ. ಗೂಡುಗಳಲ್ಲಿ ಈಗ ಹಳೆಯ ಹಾಜರಿ ಪುಸ್ತಕಗಳಿವೆ.

ನಾಲ್ಕನೆಯ ತಪ್ಪು ನನ್ನ ಕಿವಿಯದು. ಬಟ್ಟೆ ಅಂಗಡಿಯ ಮಾಲೀಕರೊಬ್ಬರ ಮಾತನ್ನು ಧ್ವನಿಮುದ್ರಿಸಿಕೊಂಡು 17 ಅಂಕ ಕೊಟ್ಟಿದ್ದೆ. ಮರುವಾರವೇ ಸೂರತ್ತಿನ ವ್ಯಾಪಾರಿ ಅವರ ಇಂಗ್ಲಿಷ್ ಅರ್ಥವಾಗದೆ, ಹಿಂದಿಯಲ್ಲೇ ಹೇಳಿ ಎಂದುಬಿಟ್ಟನಂತೆ. ಮುದ್ರಿಕೆಯನ್ನು ಮತ್ತೆ ಕೇಳಿದೆ. 'ನೆಕ್ಸ್ಟ್ ಟು ಟುಮಾರೋ' ಎಂದಿದ್ದರು. ನನಗೆ ನಾಡಿದ್ದು ಎಂದೇ ಕೇಳಿಸಿತ್ತು. 'ಯೆಂ' ಎಂದರೋ 'ಯೆನ್' ಎಂದರೋ ಅವರ ಅಂಗಡಿಯ ಹೆಸರು ಗೊತ್ತಿದ್ದ ನನಗೆ ತೊಂದರೆಯಾಗಿರಲಿಲ್ಲ. ಅವರ ಇಂಗ್ಲಿಷಿನ ಅಡಿಯಲ್ಲಿ ಹರಿಯುತ್ತಿದ್ದ ಕನ್ನಡವನ್ನು ಕೇಳಿಸಿಕೊಂಡು ಇಂಗ್ಲಿಷಿಗೆ ಅಂಕ ಕೊಟ್ಟಿದ್ದೆ. ಅಂಥ ಹತ್ತು ಮುದ್ರಿಕೆಗಳನ್ನು ಗೆಳೆಯ ಮೇಷ್ಟರೊಬ್ಬರಿಗೆ ಕೊಟ್ಟರೆ, ನಾನು 16 ಕೊಟ್ಟಲ್ಲಿ ಅವರು 9 ಕೊಟ್ಟಿದ್ದರು. ಅವರೂ ಕನ್ನಡದವರೇ. ಆದರೆ ಅವರು ಎಣಿಸಿದ್ದು ವ್ಯಾಕರಣದ ತಪ್ಪುಗಳನ್ನು.

ದಾರಿ ತೋರಿಸಿದ್ದು ಇಂಗ್ಲೆಂಡಿಗೆ ಹೋಗಲು ಓಇಟಿ ಎಂಬ, ನರ್ಸು ವೈದ್ಯರಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆ ಬರೆದು ಬಂದ ಹಳೆಯ ವಿದ್ಯಾರ್ಥಿನಿ. ಆ ಪರೀಕ್ಷೆಯ ಮಾತಿನ ಭಾಗದಲ್ಲಿ ನರ್ಸು ನರ್ಸಾಗಿಯೇ ಮಾತಾಡಬೇಕು. ಎದುರಿಗಿರುವವರು ರೋಗಿಯಾಗಿಯೋ ರೋಗಿಯ ಕಡೆಯವರಾಗಿಯೋ ನಟಿಸುತ್ತಾರೆ. "ಎದುರಿಗಿದ್ದವರು ಅಂಕ ಕೊಡುವುದಿಲ್ಲ ಸರ್, ಮುದ್ರಿಕೆ ಬೇರೆಯವರ ಹತ್ತಿರ ಹೋಗುತ್ತದೆ" ಎಂದಳು. ಅವಳು ಸುಮ್ಮನೆ ಹೇಳಿದ್ದು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೇರೆಯವರು ಎಂದರೆ ಯಾರು? ಇನ್ನೊಬ್ಬ ಮೇಷ್ಟರಲ್ಲ. ಕನ್ನಡವೇ ಬಾರದವರು, ಮೇಷ್ಟರೂ ಅಲ್ಲದವರು.

ನಮ್ಮೂರಿನಲ್ಲಿ ವೈದ್ಯಕೀಯ ಕಾಲೇಜುಗಳಿರುವುದರಿಂದ ಅಂಥವರಿಗೆ ಬರವಿಲ್ಲ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಬೆರಳು ತೋರಿಸಿ ತಿಂಡಿ ಕೇಳುತ್ತಿದ್ದ ಮಣಿಪುರದ ಮೊದಲ ವರ್ಷದ ಹುಡುಗಿಯೊಬ್ಬಳನ್ನು ಅಲ್ಲಿಯೇ ಮಾತಾಡಿಸಿದೆ. ಒಂದು ಕರೆಗೆ 25 ರೂಪಾಯಿ. ಅವಳ ಕೆಲಸ ಅಂಕ ಕೊಡುವುದಲ್ಲ. ಫೋನಿನಲ್ಲಿ ಹೇಳಿದ್ದನ್ನು ಚೀಟಿಯಲ್ಲಿ ತುಂಬಿಸುವುದು: ಯಾರು, ಮರಳಿ ಕರೆಯಬೇಕಾದ ಸಂಖ್ಯೆ, ಏನು ಬೇಕು, ಎಷ್ಟು, ಯಾವಾಗ, ಮುಂದೆ ಏನು ಮಾಡಬೇಕು. ಆರು ಮನೆಗಳು. ವ್ಯಾಕರಣಕ್ಕೆ ಮನೆ ಇಲ್ಲ. ಉಚ್ಚಾರಣೆಗೂ ಇಲ್ಲ. ಅರ್ಥವಾಗದಿದ್ದರೆ ಅವಳು ಮರುಪ್ರಶ್ನೆ ಕೇಳಬಹುದು, ಊಹಿಸಬಾರದು. ಚೀಟಿ ವಾಟ್ಸಾಪಿನಲ್ಲಿ ನನಗೆ ಬರುತ್ತದೆ. ನನ್ನ ಬಳಿ ಇರುವ ಅಸಲು ಚೀಟಿಯ ಪಕ್ಕ ಇಟ್ಟು ನೋಡುತ್ತೇನೆ. ಮನೆ ಸರಿಯಿದ್ದರೆ 1, ತಪ್ಪಿದ್ದರೆ 0. ಅರ್ಧ ಅಂಕದ ದಾಕ್ಷಿಣ್ಯ ಇಲ್ಲ.

ಅಸಲು ಚೀಟಿ ಎಲ್ಲಿಂದ ಬರಬೇಕು ಎಂಬುದರಲ್ಲಿ ಮತ್ತೆ ಎರಡು ತಿಂಗಳು ಹೋಯಿತು. ಸನ್ನಿವೇಶವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಗಟ್ಟಿಯಾಗಿ ಓದಿಬಿಡುತ್ತಿದ್ದರು. ಕನ್ನಡದಲ್ಲಿ ಕೊಟ್ಟರೆ ಪದಕ್ಕೆ ಪದ ಜೋಡಿಸುತ್ತ ಬೆವರುತ್ತಿದ್ದರು. ಚಿತ್ರ ಬಿಡಿಸಿಕೊಟ್ಟೆ, ನಾನು ಬಿಡಿಸಿದ ಗ್ಯಾಸ್ ಸಿಲಿಂಡರನ್ನು ಮೂವರು ಹಾಲಿನ ಕ್ಯಾನು ಎಂದರು. ಕೊನೆಗೆ ಸನ್ನಿವೇಶ ಕೊಡುವುದನ್ನೇ ಬಿಟ್ಟೆ. ಈ ವಾರ ನಿಮ್ಮ ಕೆಲಸದಲ್ಲಿ ಆದ ಒಂದು ತೊಂದರೆಯನ್ನು ಕನ್ನಡದಲ್ಲಿ ಹೇಳಿ ಎನ್ನುತ್ತೇನೆ. ಹರಿದ ಥಾನು ಬಂತು, ರೋಗಿಯ ಕಡೆಯವರು ಬಿಲ್ಲಿಗೆ ಜಗಳ ತೆಗೆದರು, ಪಂಪಿನ ಬೇರಿಂಗು ತಪ್ಪು ಅಳತೆಯದು ಬಂತು. ಅದನ್ನೇ ಆರು ಮನೆಗಳಲ್ಲಿ ಬರೆದುಕೊಂಡು, ಹತ್ತು ನಿಮಿಷ ಬಿಟ್ಟು ಫೋನು ಹಚ್ಚಿಸುತ್ತೇನೆ. ತಮ್ಮದೇ ಸಂಕಟವಾದ್ದರಿಂದ ಮಾತು ಹೇಗೋ ಹೊರಬರುತ್ತದೆ. ಹತ್ತು ನಿಮಿಷದ ಆ ಬಿಡುವಿನಲ್ಲಿ ಅವರ ಕೈಗೆ ಏನು ಕೊಡುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡೂ ಇದೆ.

ಆಲಿಸುವಿಕೆಗೆ ಕರೆಯ ದಿಕ್ಕನ್ನು ತಿರುಗಿಸಿದೆ. ಮಣಿಪುರದ ಹುಡುಗಿಯ ಗೆಳತಿಯೊಬ್ಬಳು ಫೋನು ಮಾಡಿ ಒಂದು ವಿಷಯ ಹೇಳುತ್ತಾಳೆ. ಕೇಳಿಸಿಕೊಂಡವರು ಹೊರಗೆ ಬಂದು ನನಗೆ ಕನ್ನಡದಲ್ಲಿ ಒಪ್ಪಿಸುತ್ತಾರೆ. ನಮ್ಮ ಜಿಲ್ಲೆಯ ಮೇಷ್ಟರುಗಳೆಲ್ಲ ನಕ್ಕದ್ದು ಇದಕ್ಕೇ. "ಇಂಗ್ಲಿಷ್ ಪರೀಕ್ಷೆಗೆ ಕನ್ನಡದ ಉತ್ತರವೇ? ನಾಳೆ ಈಜು ಪರೀಕ್ಷೆಯನ್ನು ದಡದಲ್ಲಿ ಮಾಡುತ್ತೀರೇನು?" ಎಂದರು ಒಬ್ಬರು. ಅವರಿಗೆ ಹೇಳಿದೆ: ನಾನು ಅಳೆಯುತ್ತಿರುವುದು ಕಿವಿಯನ್ನು. ಉತ್ತರ ಇಂಗ್ಲಿಷಿನಲ್ಲೇ ಬರಬೇಕೆಂದರೆ ನಾಲಿಗೆ ದುರ್ಬಲವಾದವರ ಕಿವಿಗೂ ಸೊನ್ನೆ ಬೀಳುತ್ತದೆ. ಆ ಅತ್ತೆಯವರನ್ನೇ ನೋಡಿ, ಮಾತಿನಲ್ಲಿ 6ಕ್ಕೆ 2, ಕೇಳುವುದರಲ್ಲಿ 6ಕ್ಕೆ 5. ಸೊಸೆ ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ, ಸೊಸೆಗೆ ಅದು ಗೊತ್ತಿಲ್ಲ. ಹಳೆಯ ಪರೀಕ್ಷೆಯಲ್ಲಿ ಅವರು ನಪಾಸು.

ನನಗೆ ಹೆಮ್ಮೆಯಿರುವುದು ಇನ್ನೊಂದು ಉಪಾಯದ ಮೇಲೆ. ನಮ್ಮವರ ದೊಡ್ಡ ಕಾಯಿಲೆ ಅರ್ಥವಾಗದಿದ್ದರೂ 'ಎಸ್ ಸರ್' ಎನ್ನುವುದು. ದೊಡ್ಡವರು ಹೇಳಿದ್ದನ್ನು ಮತ್ತೆ ಕೇಳುವುದು ಉದ್ಧಟತನ ಎಂದು ಬೆಳೆದವರು ನಾವು. ಅದಕ್ಕೇ ಕರೆಯ ನಡುವೆ ಅರ್ಥವೇ ಇಲ್ಲದ ಒಂದು ಪದ ಹಾಕಿಸಿದೆ. "ಆ ಮಾತ್ರೆಯನ್ನು ಟರ್ಮಿಲ್ಲಿನಿಂದ ತೆಗೆದುಕೊಳ್ಳಿ" ಎನ್ನುವ ಹಾಗೆ. ಮೊದಲ 40 ಜನರಲ್ಲಿ ಅದೇನೆಂದು ಕೇಳಿದವರು 9 ಜನ ಇದ್ದಿರಬೇಕು. ಉಳಿದವರು ಹೂಂಗುಟ್ಟಿದರು. ಒಬ್ಬರಂತೂ "ಟರ್ಮಿಲ್ ಇವತ್ತು ರಜೆ" ಎಂದು ಉತ್ತರವನ್ನೇ ಕೊಟ್ಟರು. ಈಗ 'ಇನ್ನೊಮ್ಮೆ ಹೇಳಿ' ಎಂದು ಕೇಳಿದವರಿಗೆ ಒಂದು ಅಂಕ ಹೆಚ್ಚು. ಮೂರು ತಿಂಗಳು ಮುಗಿಯುವಾಗ ಅರ್ಧಕ್ಕಿಂತ ಹೆಚ್ಚು ಜನ ಕೇಳುತ್ತಾರೆ. ಪದವನ್ನು ಪ್ರತಿ ಬ್ಯಾಚಿಗೂ ಬದಲಿಸಬೇಕು. ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಮುಂದೆ ನಿಂತು ಹಳೆಯ ಬ್ಯಾಚಿನವರು ಹೊಸಬರಿಗೆ ಗುಟ್ಟು ಬಿಡುತ್ತಾರೆ. ಪದವನ್ನು ಮಾತಿನ ಯಾವ ಜಾಗದಲ್ಲಿ ಇಡಬೇಕು ಎಂಬುದನ್ನು ನೀವೇ ಮಾಡಿ ನೋಡಿ ಕಂಡುಕೊಳ್ಳಿ.

ಅಂಕಗಳನ್ನು, ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಯುರೋಪ್ ಮಂಡಳಿ ಮಾಡಿದ ಮೆಟ್ಟಿಲುಗಳಿಗೆ ಸುಮಾರಾಗಿ ಹೊಂದಿಸಿಕೊಂಡಿದ್ದೇನೆ. ಎ1ರಿಂದ ಸಿ2ವರೆಗೆ ಆರು ಮೆಟ್ಟಿಲುಗಳಿದ್ದರೂ ನನಗೆ ಬೇಕಾದವು ಕೆಳಗಿನ ಮೂರೇ. "ನಿಮ್ಮದು ಇಂಗ್ಲಿಷರು ಮೆಚ್ಚುವ ಇಂಗ್ಲಿಷಲ್ಲ" ಎಂದು ಸಭೆಯೊಂದರಲ್ಲಿ ಒಬ್ಬರು ಚುಚ್ಚಿದಾಗ ಆ ಮೆಟ್ಟಿಲುಗಳೇ ಕೈ ಹಿಡಿದವು. ಆ ಮೆಟ್ಟಿಲುಗಳ 2001ರ ಪುಸ್ತಕದ ವಿವರಣೆಗಳಲ್ಲಿ ಅಲ್ಲಲ್ಲಿ ಇದ್ದ ಮಾತೃಭಾಷಿಕರ ಪ್ರಸ್ತಾಪವನ್ನು 2020ರ ಪೂರಕ ಸಂಪುಟದ ವಿವರಣೆಗಳಿಂದ ಮಂಡಳಿಯೇ ಕಿತ್ತುಹಾಕಿದೆ ಎಂದೆ. ಅವರು ನೀರು ಕುಡಿದರು.

ನಂಬದವರಲ್ಲಿ ಮುಖ್ಯರು ಖಾಸಗಿ ಆಸ್ಪತ್ರೆಯೊಂದರ ಆಡಳಿತಾಧಿಕಾರಿ. ಅವರ 34 ಸಿಬ್ಬಂದಿಯನ್ನು ಅಳೆದುಕೊಡಲು ತಲಾ 250ಕ್ಕೆ ಒಪ್ಪಿಸಿದ್ದೆ. ಅವರ ಹಳೆಯ ಪಟ್ಟಿಯಲ್ಲಿ ಮೊದಲಿದ್ದವರು ಇಂಗ್ಲಿಷ್ ಎಂಎ. ನನ್ನ ಪಟ್ಟಿಯಲ್ಲಿ ಅವರು ಹನ್ನೊಂದನೆಯವರೋ ಹನ್ನೆರಡನೆಯವರೋ ಆದರು. ಫೋನಿನಲ್ಲಿ ಸುಂದರವಾದ ವಾಕ್ಯಗಳನ್ನು ಹೇಳುತ್ತ ರೋಗಿಯ ವಾರ್ಡ್ ಸಂಖ್ಯೆಯನ್ನೇ ಹೇಳಿರಲಿಲ್ಲ. ಎರಡನೆಯವರಾಗಿ ಬಂದದ್ದು ಪಿಯುಸಿಯಲ್ಲಿ ನಿಂತುಹೋದ, ಬಿಲ್ಲಿಂಗ್ ವಿಭಾಗದ ಹೆಣ್ಣುಮಗಳು. ಮುರುಕು ಇಂಗ್ಲಿಷು, ಆದರೆ ಆರು ಮನೆಗೆ ಆರೂ ಸರಿ. ಹದಿನೈದೋ ಐವತ್ತೋ ಎಂದು ಗೊಂದಲವಾದೀತೆಂದು 'ಒನ್ ಫೈವ್' ಎಂದು ಬಿಡಿಸಿ ಹೇಳಿದ್ದಳು. ಅಧಿಕಾರಿ ಪಟ್ಟಿಯನ್ನು ಮೇಜಿನ ಮೇಲೆ ಬಿಸಾಡಿದರು. ಒಂದು ತಿಂಗಳು ಇವಳನ್ನು ರಾತ್ರಿ ಪಾಳಿಯ ಫೋನಿಗೆ ಕೂರಿಸಿ ನೋಡಿ, ತಪ್ಪಿದರೆ ದುಡ್ಡು ವಾಪಸು ಎಂದೆ. ವಾಪಸು ಕೊಡಬೇಕಾಗಿ ಬರಲಿಲ್ಲ. ಮರುವರ್ಷ ಅವರೇ ಕರೆದರು, ಈ ಬಾರಿ ತಲಾ 300.

ಎಲ್ಲ ಕಡೆಯೂ ಹೀಗಾಯಿತು ಎಂದುಕೊಳ್ಳಬೇಡಿ. ಹೋಟೆಲಿನವರೊಬ್ಬರು 18 ಜನರನ್ನು ಅಳೆಸಿಕೊಂಡು, ಪಟ್ಟಿ ನೋಡಿ ಇಬ್ಬರಿಗೆ ಬಡ್ತಿಯನ್ನೂ ಕೊಟ್ಟು, 4,500 ರೂಪಾಯಿಯನ್ನು ಇವತ್ತಿಗೂ ಕೊಟ್ಟಿಲ್ಲ. ಖರ್ಚಿನ ಲೆಕ್ಕ ಹೇಳುವುದಾದರೆ ಒಬ್ಬರಿಗೆ ನಾಲ್ಕು ಕರೆ, ಅಂದರೆ 100 ರೂಪಾಯಿ ಅಲ್ಲೇ ಹೋಯಿತು. ನನ್ನ ಸಮಯ ಮುಕ್ಕಾಲು ಗಂಟೆ. ಎರಡು ಕರೆಗೆ ಇಳಿಸಿ ನೋಡಿದೆ, ಅಂಕ ಜೋಲಿ ಹೊಡೆಯಿತು. ಮೊದಲ ಕರೆಯಲ್ಲಿ ಹೆದರುವವರು ಎಷ್ಟೋ ಜನ. ಆ ಚೀಟಿಯನ್ನು ಈಗ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅವರಿಗೆ ಹೇಳುವುದೂ ಇಲ್ಲ. ಒಂದೇ ಮುದ್ರಿಕೆಯನ್ನು ಇಬ್ಬರು ಹುಡುಗಿಯರಿಗೆ ಬೇರೆ ಬೇರೆಯಾಗಿ ಕೇಳಿಸಿದರೆ ಹನ್ನೆರಡು ಮನೆಗಳಲ್ಲಿ ಒಂದೇ ಒಂದು ಕಡೆ ಭಿನ್ನ ಬರುತ್ತದೆ. ಆ 16 ಮತ್ತು 9ನ್ನು ನೆನೆಸಿಕೊಳ್ಳಿ.

ನಡುವೆ ಹಾದಿ ತಪ್ಪಿದ್ದೂ ಉಂಟು. ಚೀಟಿ ತುಂಬುವ ಹುಡುಗಿಯರ ಖರ್ಚು ಉಳಿಸಲು ಮಾತನ್ನು ಅಕ್ಷರ ಮಾಡುವ ಮೊಬೈಲ್ ಸೌಲಭ್ಯವನ್ನೇ ತೀರ್ಪುಗಾರನಾಗಿ ಕೂರಿಸಿದೆ. ಅದು ಆಡಿದವರ ತಪ್ಪನ್ನು ತಾನೇ ತಿದ್ದಿ ಬರೆಯುತ್ತಿತ್ತು, ನನಗಿಂತ ದಯಾಳು. ಎರಡು ವಾರಕ್ಕೇ ಬಿಟ್ಟೆ. ವಾಟ್ಸಾಪ್ ಧ್ವನಿ ಸಂದೇಶ ಕಳಿಸಲು ಹೇಳಿದಾಗ ಒಬ್ಬಾಕೆಯ ಇಂಗ್ಲಿಷ್ ರಾತ್ರೋರಾತ್ರಿ ಸುಧಾರಿಸಿತು. ದನಿ ಮಗಳದು, ಹಿಂದಿನ ಕೋಳಿ ಕೂಗು ಮಾತ್ರ ಅವರ ಮನೆಯದು. ಮಿಕ್ಸಿ ಓಡಿಸಿಕೊಂಡು ಕರೆ ಮಾಡಿಸಿದ ಪ್ರಯೋಗ ಇನ್ನೂ ನಡೆದಿದೆ. ರೈಲ್ವೆ ಗೇಟಿನ ಪಕ್ಕದ ನಮ್ಮ ಕೋಣೆಯಲ್ಲಿ ಅದಕ್ಕೆ ಮಿಕ್ಸಿ ಬೇಕಿಲ್ಲ ಎಂಬುದು ತಡವಾಗಿ ಹೊಳೆಯಿತು. ಸದ್ದಿನಲ್ಲಿ ಎಲ್ಲರ ಕೇಳುವ ಅಂಕವೂ ಇಳಿಯುತ್ತದೆ. ಆದರೆ ಮತ್ತೆ ಕೇಳುವ ಅಭ್ಯಾಸ ಇರುವವರದು ಒಂದೇ ಅಂಕ ಇಳಿಯುತ್ತದೆ, ಇಲ್ಲದವರದು ಮೂರು.

ಈಗ ಬಂದಿರುವ ತಾಪತ್ರಯ ಬೇರೆ. ಮಣಿಪುರದ ಹುಡುಗಿ ಓದಿನಲ್ಲಿ ಮುಂದೆ ಬಂದು ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡತೊಡಗಿದಳು. ಹರಿಹರ, ಚನ್ನಗಿರಿ, ಜಗಳೂರುಗಳಿಂದ ಬರುವ ರೋಗಿಗಳು ಅವಳೊಡನೆ ಮಾತಾಡುವುದು ಯಾವ ಭಾಷೆಯಲ್ಲಿ? ಕಳೆದ ತಿಂಗಳು ಚೀಟಿಗಳು ಇದ್ದಕ್ಕಿದ್ದಂತೆ ಚೆನ್ನಾಗಿ ಬರತೊಡಗಿದವು. ಬ್ಯಾಚು ಸುಧಾರಿಸಿತೆಂದು ಬೀಗಿದೆ. ಆಮೇಲೆ ಮುದ್ರಿಕೆ ಕೇಳಿದರೆ, ಮೋಟಾರು ರಿಪೇರಿಯವರು ಗಾಬರಿಯಲ್ಲಿ ಇಂಗ್ಲಿಷ್ ವಾಕ್ಯದ ನಡುವೆ 'ಮೂರೂವರೆ' ಎಂದಿದ್ದಾರೆ, ಇವಳು ತಣ್ಣಗೆ 3.30 ಎಂದು ತುಂಬಿದ್ದಾಳೆ. ಕೇಳಿದ್ದಕ್ಕೆ "ಹೌದಾ ಸರ್, ಅದು ಕನ್ನಡವಾ?" ಎಂದಳು, ಕನ್ನಡದಲ್ಲೇ. ಅವಳ 25 ರೂಪಾಯಿ ಕೊಟ್ಟು ಆ ಚೀಟಿಯನ್ನು ಹರಿದೆ. ಆಗಸ್ಟಿನೊಳಗೆ ಹೊಸ ಕಿವಿಯೊಂದು ಬೇಕು, ಬೆಣ್ಣೆ ದೋಸೆ ಹೋಟೆಲಿನಲ್ಲಿ ಬೆರಳು ತೋರಿಸುವವರನ್ನು ಮತ್ತೆ ಗಮನಿಸುತ್ತಿದ್ದೇನೆ.